ಜೆಎಸ್8ಕಾಲ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ಮೊಬೈಲ್ ಸಿಗ್ನಲ್. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದ್ದ ನಾನು, ಟೈಪ್ ಮಾಡಿದ ಸಂದೇಶವನ್ನು ಇಂಟರ್ನೆಟ್ ಇಲ್ಲದೆ ರೇಡಿಯೋದಲ್ಲೇ ಕಳಿಸುವ ಜೆಎಸ್8ಕಾಲ್ ಹಾಕಿಕೊಂಡಿದ್ದು ಅದಕ್ಕೇ. ಎರಡು ಅಡಿಕೆ ಮರದ ನಡುವೆ 20 ಮೀಟರ್ ತಂತಿ, 10 ವಾಟ್ ಪವರ್, ಹಳೇ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಪುಕ್ಕಟೆ.

ಎಫ್‌ಟಿ8 (ಹ್ಯಾಮ್‌ಗಳು ಚುಟುಕು ಸಂಪರ್ಕಕ್ಕೆ ಬಳಸುವ ಡಿಜಿಟಲ್ ವಿಧಾನ) ಗೊತ್ತಿದ್ದವರಿಗೆ ಇದು ಅದರ ಮಾತುಗಾರ ತಮ್ಮ. ಸಂದೇಶ ಹೋಗುವ 15 ಸೆಕೆಂಡಿನ ಕಂತು ಅದೇ. ಗದ್ದಲದಲ್ಲಿ ಮುಳುಗಿದ ಸಿಗ್ನಲ್ಲನ್ನು ಮೈನಸ್ 24 ಡೆಸಿಬಲ್ ಹತ್ತಿರದವರೆಗೂ ಹೆಕ್ಕುತ್ತದೆ. ಎಫ್‌ಟಿ8ನಲ್ಲಿ ಸಿಗ್ನಲ್ ರಿಪೋರ್ಟ್ ಕೊಟ್ಟು 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ) ಅಂದರೆ ಮುಗೀತು. ಇಲ್ಲಿ ಬೇಕಾದಷ್ಟು ಬರೆಯಬಹುದು, ನಿಧಾನವಾಗಿ. ಒಂದು ಸಾಲು ಹೋಗಲು ಒಂದು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. 6 ಸೆಕೆಂಡಿನ ಟರ್ಬೋ ಇದೆ, ಆದರೆ ನಮ್ಮ ಮಳೆಗಾಲದ ಗುಡುಗು-ಮಿಂಚಿನ ಗದ್ದಲಕ್ಕೆ ಅದು ಆಗಿಬರಲ್ಲ.

ನಾನು ಇದನ್ನು ಬಿಡದಿರುವುದು ಕಮಾಂಡ್‌ಗಳಿಗಾಗಿ. ಗೆಳೆಯರ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಬರೆದು ಪಕ್ಕದಲ್ಲಿ ‘ಎಸ್‌ಎನ್‌ಆರ್?’ ಹಾಕಿ. ಅವರು ಅಡುಗೆಮನೆಯಲ್ಲಿದ್ದರೂ, ಆಟೋ ಬಟನ್ ಒತ್ತಿಟ್ಟಿದ್ದರೆ, ನಿಮ್ಮ ಸಿಗ್ನಲ್ ಎಷ್ಟಿದೆ ಅಂತ ಅವರ ಸ್ಟೇಷನ್ನೇ ಹೇಳುತ್ತದೆ. ‘ಹಿಯರಿಂಗ್?’ ಅಂದರೆ ಅಲ್ಲಿಗೆ ಯಾರ್ಯಾರು ಕೇಳಿಸುತ್ತಿದ್ದಾರೆ ಅನ್ನುವ ಪಟ್ಟಿ ಬರುತ್ತದೆ. ಪ್ರಶ್ನೆ ಚಿಹ್ನೆ ಮರೆತಿರೋ, ಆ ಕಡೆಯಿಂದ ಸದ್ದೇ ಇಲ್ಲ. ಶುರುವಿನಲ್ಲಿ ಹೀಗೆ ಸುಮ್ನೆ ಆಂಟೆನಾ ಬೈದುಕೊಂಡು ಮರದ ಕೆಳಗೆ ನಿಂತಿದ್ದೆ.

ಎಲ್ಲಕ್ಕಿಂತ ಇಷ್ಟವಾದದ್ದು ‘ಎಂಎಸ್‌ಜಿ ಟು’. ಹೋದ ಜುಲೈಯಲ್ಲಿ ಬೆಂಗಳೂರಿನ ಗೆಳೆಯರು ನನಗೆ ಕೇಳಿಸುತ್ತಿರಲಿಲ್ಲ. ಮೈಸೂರಿನ ಒಂದು ಸ್ಟೇಷನ್ ಚೆನ್ನಾಗಿ ಬರುತ್ತಿತ್ತು. ಅಲ್ಲಿ ಅವರ ಹೆಸರಿಗೆ ಸಂದೇಶ ಬಿಟ್ಟೆ, ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಹೋದ ಹಾಗೆ. ಸಂಜೆ ಬೆಂಗಳೂರಿನ ಹಾರ್ಟ್‌ಬೀಟ್ (ನಾನಿದ್ದೇನೆ ಅಂತ ಸಾರುವ ಚುಟುಕು ಸಿಗ್ನಲ್) ಮೈಸೂರಿಗೆ ಕೇಳಿಸಿದ್ದೇ ತಡ, ನಿಮಗೊಂದು ಸಂದೇಶ ಇದೆ ಅಂತ ಅದೇ ತಿಳಿಸಿತು. ಅವರು ‘ಕ್ವೆರಿ ಎಂಎಸ್‌ಜಿ’ ಕೊಟ್ಟು ತರಿಸಿಕೊಂಡರು.

ಇನ್ನು ದೂರು. ಗಡಿಯಾರ ಸುಮಾರು 2 ಸೆಕೆಂಡಿಗಿಂತ ಆಚೀಚೆ ಆದರೆ ಏನೂ ಡಿಕೋಡ್ ಆಗಲ್ಲ. ವಾಟರ್‌ಫಾಲ್‌ನಲ್ಲಿ (ಬರುವ ಸಿಗ್ನಲ್‌ಗಳ ಚಿತ್ರ ತೋರಿಸುವ ಕಿಟಕಿ) ಗೆರೆಗಳು ಸ್ಪಷ್ಟವಾಗಿ ಇಳಿಯುತ್ತಿರುತ್ತವೆ, ಪಕ್ಕದ ಕಿಟಕಿ ಮಾತ್ರ ಖಾಲಿ. ಇಂಟರ್ನೆಟ್ ಇಲ್ಲದ ದಿನವೇ ಇದು ಬೇಕು, ಇಂಟರ್ನೆಟ್ ಇಲ್ಲದ ದಿನವೇ ಲ್ಯಾಪ್‌ಟಾಪಿನ ಸಮಯ ಜಾರುವುದು! ಬೇರೆ ಸ್ಟೇಷನ್‌ಗಳ ಸಿಗ್ನಲ್‌ಗೆ ಸಮಯ ಹೊಂದಿಸುವ ಸೌಲಭ್ಯ ಒಳಗೇ ಇದೆ ಅಂತ ನನಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ. ಈಗ ಯುಎಸ್‌ಬಿ ಜಿಪಿಎಸ್ ಚುಚ್ಚಿಟ್ಟಿದ್ದೇನೆ.

ಆಟೋ ಇದೆ ಅಂತ ರಿಗ್ (ರೇಡಿಯೋ ಸೆಟ್) ಬಿಟ್ಟು ಪೇಟೆಗೆ ಹೋಗಬೇಡಿ. ಅದು ಪ್ರಸಾರ ಮಾಡುವುದು ನಿಮ್ಮ ಲೈಸೆನ್ಸ್ ಮೇಲೆ ಅಲ್ವಾ?

ಕನ್ನಡ ಲಿಪಿ ಹೋಗಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಅದೂ ಇಂಗ್ಲಿಷ್ ಪದಗಳನ್ನು ಒತ್ತಿ ಚಿಕ್ಕದು ಮಾಡಿದಷ್ಟು ಸಲೀಸಾಗಿ ನಮ್ಮ ಪದಗಳನ್ನು ಮಾಡಲ್ಲ, ಕಂತು ಜಾಸ್ತಿ ಆಗುತ್ತದೆ. ಹಾಗಾಗಿ ನಾನು ಮತ್ತು ಬೆಂಗಳೂರಿನವರು ‘ಊಟ ಆಯ್ತಾ’ ಬಿಟ್ಟು ಈಗ ‘ಊಟ?’ ಅಂತಷ್ಟೇ ಕೇಳುತ್ತೇವೆ. ಇದೊಂದಕ್ಕೆ ಸ್ಟೇಷನ್ ತಾನಾಗಿ ಉತ್ತರ ಕೊಡಲ್ಲ.