ಎರಕದ ಪೌಡರ್ ತರಸೂ ಮುಂದ ಇದನ್ನ ಓದ್ರಿ: ಸ್ಯಾಂಪಲ್ ಒಂದು, ಚೀಲದಾಗ ಬಂದದ್ದ ಇನ್ನೊಂದು

ಮೋಲ್ಡಿನಾಗ (ಅಚ್ಚಿನಾಗ) ಹೊಯ್ದು ಸಾಮಾನ ಮಾಡೋರು ರೆಸಿನ್ ಅನ್ನೂ ಅಂಟಿನಂಥಾ ಪ್ಲಾಸ್ಟಿಕ್ ದ್ರವ ಬಿಟ್ಟು ಈಗ ಎಲ್ಲಾರೂ ನೀರು ಹಾಕಿ ಕಲಸೂ ಪೌಡರ್ ಕಡೆ ಬರಾಕತ್ತಾರ. ವಾಸನಿ ಇಲ್ಲ, ಕೈಗೆ ಅಂಟೂದಿಲ್ಲ, ಅರ್ಧಾ-ಮುಕ್ಕಾಲ್ ತಾಸಿನಾಗ ಮೋಲ್ಡಿಂದ ತಗದ್ರ ಆತು, ಟ್ರೇ, ದೀಪದ ಸ್ಟ್ಯಾಂಡ್, ಕೋಸ್ಟರ್, ಬೇಕಾದ್ದ ಬಣ್ಣದಾಗ ಮಾಡಬಹುದು. ಖರೆ ಐತಿ, ನಾನೂ ಅದಕ್ಕ ಬಂದಾಕಿ. ಆದ್ರ ಈ ಪೌಡರ್ ಮಾರೋರ ಹೆಸರು ನೋಡ್ರಿ, ಇಕೋ ರೆಸಿನ್ ಅಂತಾರ, ಸ್ಟೋನ್ ರೆಸಿನ್ ಅಂತಾರ, ಜೆಸ್ಮೊನೈಟ್ ಟೈಪ್ ಅಂತಾರ, ಸೆರಾಮಿಕ್ ಪೌಡರ್ ಅಂತಾರ, ಒಳಗ ಏನೈತಿ ಅಂತ ಮಾತ್ರ ಒಬ್ಬರೂ ಬರಿಯೂದಿಲ್ಲ. ಬೆಳಗಾವಿ, ಬಾಗಲಕೋಟಿ, ವಿಜಾಪುರದಾಗ ಕುಂತು ಆನ್‌ಲೈನ್ ತರಸೂ ಅಕ್ಕ-ತಂಗ್ಯಾರಿಗೆ ಮೊದಲ ಹೇಳಿಬಿಡ್ತೇನಿ, ಹೆಸರು ನೋಡಿ ದೊಡ್ಡ ಚೀಲ ತರಸಬ್ಯಾಡ್ರಿ, 100 ಗ್ರಾಂ ಪೌಡರಿಗೆ ಎಷ್ಟ ಮಿಲಿ ನೀರು ಅಂತ ಕೇಳ್ರಿ. ಆ ಒಂದ ನಂಬರಿನ ಮ್ಯಾಲ ಅದು ಏನು ಅಂತ ಅರ್ಧಾ ಗೊತ್ತಾಗತೈತಿ. ಕೇಳಿದ್ರ ಹೇಳಲಿಲ್ಲಂದ್ರ ಪೂರಾ ಗೊತ್ತಾತು ಅಂತ ತಿಳಕೋರಿ.

ನನಗ ಆಗಿದ್ದ ಏನಂದ್ರ, ಒಬ್ಬರು ಮಾರೋರ ಹತ್ರ ಮೊದಲ ಒಂದ ಕೆಜಿ ಸ್ಯಾಂಪಲ್ ತರಿಸಿದ್ನಿ. ಪಾಕೀಟ್ ಚಂದ, ಮ್ಯಾಲ ಪ್ರೀಮಿಯಂ ವಾಟರ್ ಬೇಸ್ಡ್ ಅಂತ ಬಂಗಾರದ ಅಕ್ಷರ. ತೂಕದ ಕಾಟಾ ಇಟ್ಟ ಮಾಡಿದ್ನಿ, 100 ಗ್ರಾಮಿಗೆ 30 ಮಿಲಿ ನೀರು, ದ್ವಾಸಿ ಹಿಟ್ಟಿನ ಹದಕ್ಕ ಬಂತು, ಹೊಯ್ದ ಮ್ಯಾಲ ಮೋಲ್ಡಿನ ಮೂಲಿ ಮೂಲಿಗೂ ಹೋತು, ಒಣಗಿದ ಮ್ಯಾಲ ಎರಡ ಪೀಸ್ ಒಂದಕ್ಕೊಂದು ಬಡದ್ರ ಟಣ್ ಅನ್ನೂದು, ಉಗರ್ಲೆ ಕೆರದ್ರ ಬರೇ ಒಂದ ಮಿಂಚೂ ಗೆರಿ. ಭಾಳ ಚಲೋ ಮಾಲು. ಕೆಜಿಗೆ ರೊಕ್ಕ ಜಾಸ್ತಿ ಇದ್ರೂ ಅಡ್ಡಿಯಿಲ್ಲ ಅನಸ್ತು.

ಅದಾದ ಮ್ಯಾಲ ಗೋಕಾಕ ಕಡೆಯವರದು ಒಂದ ಕುಬಸದ ಆರ್ಡರ್ ಬಂತು. ಬಂದ ಮುತ್ತೈದ್ಯಾರಿಗೆ ಕೊಡಾಕ ಸಣ್ಣ ಸಣ್ಣ ಅರಿಶಿಣ-ಕುಂಕುಮದ ಬಟ್ಟಲ, ಗಾಢ ನೀಲಿ ಮತ್ತ ಗಿಳಿ ಹಸರು ಬಣ್ಣದಾಗ, ಇಳಕಲ್ ಸೀರಿಗೆ ಹೊಂದೂ ಹಂಗ ಅಂಚಿಗೆ ಕೆಂಪು. ಅದಕ್ಕ ಅದ ಮಾರೋರ ಹತ್ರನ 25 ಕೆಜಿದು ಎರಡ ಚೀಲ ಹೇಳಿದ್ನಿ, ಅದ ಹೆಸರು, ಅದ ಫೋಟೋ. ಚೀಲ ಒಡದು ಮೊದಲನೇ ಬ್ಯಾಚ್ ಕಲಸೂಮುಂದನ ಏನೋ ಬ್ಯಾರೆ ಅನಸ್ತು. 30 ಮಿಲಿ ನೀರಿನಾಗ ಪೌಡರ್ ನೆನಿಯೂದ ಇಲ್ಲ, ಉದರ ಉದರ. ಫೋನ್ ಹಚ್ಚಿ ಕೇಳಿದ್ನಿ. ‘ಮೇಡಂ, ಹೊಸಾ ಬ್ಯಾಚ್ ಐತಿ, ಇಂಪ್ರೂವ್ ಮಾಡೇವಿ, ಸ್ವಲ್ಪ ನೀರು ಜಾಸ್ತಿ ಹಾಕ್ರಿ, 60ರ ತನಕಾ ಹಾಕಬಹುದು’ ಅಂದ್ರು. ಸ್ವಲ್ಪ ಅಂದ್ರ ಡಬಲ್ ಏನ್ರಿ? ಬರಹದಾಗ ಕೊಡ್ರಿ ಅಂದ್ನಿ, ವಾಟ್ಸಾಪಿನಾಗ ಹಾಕಿದ್ರು. ಅವರು ಹೇಳಿದಂಗ ಮಾಡಿ, ಒಣಗಿಸಿ, ಸೀಲರ್ ಎರಡ ಕೋಟ್ ಹೊಡದು ಕಳಿಸಿದ್ದಾತು, ನೋಡಾಕ ಏನೂ ಕಮ್ಮಿ ಇರಲಿಲ್ಲ.

ಕುಬಸ ಮುಗದು ಸ್ವಲ್ಪ ದಿನಕ್ಕ ಆ ಮನಿ ಅಮ್ಮಾರು ಫೋನ್ ಮಾಡಿದ್ರು. ‘ಏನವಾ, ನಿನ್ನ ಬಟ್ಟಲದಾಗ ಹಸಿ ಅರಿಶಿಣ ಕಲಸಿ ಇಟ್ಟಿದ್ವಿ, ತಳಕ್ಕ ಕೆಂಪಗ ಆಗೇತಿ, ಬಣ್ಣಾ ಬಿಡಾಕತ್ತೈತೇನ? ನೀಲಿ ಬಟ್ಟಲದಿಂದ ಕೆಂಪು ಹೆಂಗ ಬಿಡತೈತಿ?’ ಹಿಂಗ ಅಂದ್ರು. ಸಿಟ್ಟಿಲೆ ಅಲ್ಲ, ಅಂಜಿಕಿಲೆ, ಶುಭ ಕಾರ್ಯದ ಸಾಮಾನ ಅಲ್ರಿ. ಅವರು ಕೇಳಿದ ಪ್ರಶ್ನಿನ ಸರಿ ಇತ್ತು. ನೀಲಿ ಬಟ್ಟಲ ಕೆಂಪು ಬಿಡೂದಿಲ್ಲ, ಅರಿಶಿಣನ ಕೆಂಪಾಗಿತ್ತು. ಅರಿಶಿಣಕ್ಕ ಸುಣ್ಣ ತಾಗಿದ್ರ ಕೆಂಪಾಗತೈತಿ ಅಂತ ನಮ್ಮ ಮನ್ಯಾಗ ಆರತಿ ನೀರು ಕಲಸಿದ ಎಲ್ಲಾರಿಗೂ ಗೊತ್ತೈತಿ. ಹಂಗಂದ್ರ ಬಟ್ಟಲದಾಗ ಸುಣ್ಣದ ಜಾತಿದ್ದ ಏನೋ ಐತಿ.

ಮನ್ಯಾಗ ಉಳದ ಪೀಸ್ ತಗದು ನೋಡಿದ್ರ ನೀಲಿ ಮ್ಯಾಲ ಬಿಳೇ ಉಪ್ಪಿನ ಪದರ ಬಂದಿತ್ತು, ಒರಸಿದ್ರ ಹೋಗತೈತಿ, ಮತ್ತ ಬರತೈತಿ. ಬಣ್ಣಾ ಮಾಸಿದಂಗ. ಕೆಲವುಕ್ಕ ಅಂಚಿನಾಗ ಕೂದಲೆಳಿ ಬಿರಕು. ಚೀಲದಿಂದ ಒಂದ ಚಮಚ ಪೌಡರ್ ಸ್ಟೀಲ್ ತಾಟಿನಾಗ ಹಾಕಿ, ನೀರು ಚಿಮಕಿಸಿ, ಮ್ಯಾಲ ಅರಿಶಿಣ ಉದರಿಸಿದ್ನಿ. ನೋಡ ನೋಡಕೋತ ಇಟ್ಟಂಗಿ ಬಣ್ಣಕ್ಕ ತಿರಗ್ತು. ಹಳೇ ಸ್ಯಾಂಪಲ್ ಪಾಕೀಟಿನಾಗ ಉಳದಿದ್ದ ಪೌಡರಿಗೂ ಹಂಗ ಮಾಡಿದ್ನಿ, ಅರಿಶಿಣ ಅರಿಶಿಣ ಆಗೇ ಉಳೀತು. ಎರಡೂ ತಾಟು ಬಾಜುಕ್ಕ ಇಟ್ಟು ಫೋಟೋ ಹೊಡದು ಮಾರೋರಿಗೆ ಕಳಿಸಿದ್ನಿ.

ನನ್ನ ಲೆಕ್ಕದಾಗ ಆ ಚೀಲದಾಗ ಇದ್ದದ್ದು ಸಾದಾ ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ) ವೈಟ್ ಸಿಮೆಂಟ್ ಕೂಡಿಸಿದ ಮಿಕ್ಸ್. ಹೆಂಗಂತೀರಿ? ಅದಕ್ಕ ಈ ಪೌಡರ್‌ಗಳ ಒಳಗಿನ ವಿಷಯ ಸ್ವಲ್ಪ ಹೇಳಬೇಕು.

ಪಿಒಪಿ ಆಗಲಿ, ಡೆಂಟಲ್ ಸ್ಟೋನ್ ಆಗಲಿ, ತುಟ್ಟಿ ಕಾಸ್ಟಿಂಗ್ ಪೌಡರ್ ಆಗಲಿ, ಮೂಲ ಒಂದ, ಜಿಪ್ಸಂ ಕಲ್ಲು, ನಮ್ಮ ದೇಶದಾಗ ಹೆಚ್ಚು ಕಮ್ಮಿ ಎಲ್ಲಾ ರಾಜಸ್ಥಾನದ್ದು. ಅದನ್ನ ಹುರದು ಒಳಗಿನ ನೀರಿನ ಅಂಶ ಮುಕ್ಕಾಲು ತಗೀತಾರ, ನಾವು ಮತ್ತ ನೀರು ಕೊಟ್ರ ಅದು ತಿರಗಿ ಕಲ್ಲಾಗತೈತಿ, ಅಷ್ಟ ವಿಷಯ. ಆದ್ರ ತೆರದ ಕಡಾಯಿ ಒಳಗ ಹುರದ್ರ ಬೀಟಾ ಅಂತ ಒಂದ ನಮೂನಿ ಬರತೈತಿ, ಹಳ್ಳುಹಳ್ಳು ತೂತಿನ ಕಣ, ಅದ ಹಾರ್ಡ್‌ವೇರ್ ಅಂಗಡ್ಯಾಗ ಸಿಗೂ ಪಿಒಪಿ. ಒತ್ತಡದ ಹಬಿ ಒಳಗ ಬೇಯಿಸಿದ್ರ ಆಲ್ಫಾ ಅಂತ ಆಗತೈತಿ, ಕಣ ಗಟ್ಟಿ, ನುಣುಪು. ಗಟ್ಟಿಯಾಗಾಕ ಎರಡಕ್ಕೂ ಖರೆ ಬೇಕಾದ ನೀರು 100 ಗ್ರಾಮಿಗೆ 18-19 ಮಿಲಿ ಅಷ್ಟ. ಉಳದ ನೀರು ಬರೇ ಕಲಸಾಕ, ಹೊಯ್ಯಾಕ ಬೇಕಾಗೂದು, ಆಮ್ಯಾಲ ಅದು ಆರಿ ಹೋಗಿ ಅದರ ಜಾಗಾದಾಗ ತೂತು ಉಳೀತಾವ. ಸಾದಾ ಪಿಒಪಿಗೆ 50ರಿಂದ 70 ಮಿಲಿ ಬೇಕು, ಹಂಗಾಗಿ ಅದು ಹಗುರ, ಮೆತ್ತಗ, ಉಗರಿನ್ಯಾಗ ಬಿಳೇ ಪುಡಿ ಬರತೈತಿ. ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸೂ ಡೆಂಟಲ್ ಸ್ಟೋನಿಗೆ 28-32 ಮಿಲಿ ಸಾಕು, ಇನ್ನೂ ಗಟ್ಟಿದು ಡೈ ಸ್ಟೋನ್ ಅಂತ ಬರತೈತಲ್ಲ ಅದಕ್ಕ 22-24 ಅಷ್ಟ. ನೀರು ಕಮ್ಮಿ ಕುಡದಷ್ಟು ಪೀಸ್ ಗಟ್ಟಿ. ಅದಕ್ಕ ನೀರಿನ ನಂಬರ್ ಕೇಳ್ರಿ ಅಂತ ಮ್ಯಾಲ ಬಡಕೊಂಡಿದ್ದು.

ಇನ್ನ ಜೆಸ್ಮೊನೈಟ್ ಅನ್ನೂ ಹೆಸರಿನ ಬಗ್ಗೆ. ಅದು 1984ರಾಗ ಇಂಗ್ಲೆಂಡಿನಾಗ ಪೀಟರ್ ಹಾಕಿನ್ಸ್ ಅನ್ನೋರು ಮಾಡಿದ ಮಾಲು. ಕ್ರಾಫ್ಟಿನವರು ಹೆಚ್ಚು ಬಳಸೂ ಎಸಿ100 ಅನ್ನೂದು ಎರಡ ಭಾಗದ್ದು, ಒಂದ ಪೌಡರ್, ಒಂದ ಹಾಲಿನ ಬಣ್ಣದ ಅಕ್ರಿಲಿಕ್ ಲಿಕ್ವಿಡ್. 2.5 ಭಾಗ ಪೌಡರಿಗೆ 1 ಭಾಗ ಲಿಕ್ವಿಡ್, ತೂಕದ ಮ್ಯಾಲ. ಅಲ್ಲಿ ನೀರು ಹಾಕೂ ಮಾತ ಇಲ್ಲ, ನೀರು ಆ ಲಿಕ್ವಿಡಿನಾಗ ಇರತೈತಿ. ಯಾರರ ಒಂದ ಪಾಕೀಟ್ ತೋರಿಸಿ ‘ಇದು ಸೇಮ್ ಜೆಸ್ಮೊನೈಟ್ ರಿ, ಬರೇ ನಳದ ನೀರು ಹಾಕ್ರಿ’ ಅಂದ್ರ ಅದು ಸೇಮ್ ಅಲ್ಲ. ಕೆಟ್ಟದ್ದು ಅಂತಲ್ಲ, ಚಲೋ ಆಲ್ಫಾ ಪೌಡರ್ ಇದ್ರ ಮಸ್ತ್ ಬರತೈತಿ, ಆದ್ರ ಆ ಹೆಸರಿನ ರೇಟ್ ಯಾಕ ಕೊಡಬೇಕು?

ಮತ್ತ ಈಗ ಎಲ್ಲಾ ವಿಡಿಯೋದಾಗೂ ತೋರಸ್ತಾರ, ಪಿಒಪಿಗೆ ವೈಟ್ ಸಿಮೆಂಟ್ ಕೂಡಿಸ್ರಿ, ಗಟ್ಟಿ ಬರತೈತಿ, ಕಮ್ಮಿ ರೊಕ್ಕದಾಗ ಆಗತೈತಿ ಅಂತ. ಮೊದಲನೇ ದಿನ ಗಟ್ಟಿ ಅನಸತೈತಿ ಖರೆ. ಆದ್ರ ಜಿಪ್ಸಮ್ಮಿನ ಸಲ್ಫೇಟು ಸಿಮೆಂಟಿನ ಅಲ್ಯುಮಿನೇಟ್ ಜೋಡಿ ಕೂಡಿ ಎಟ್ರಿಂಗೈಟ್ ಅನ್ನೂ ಹರಳು ಬೆಳಸತೈತಿ, ತೇವ ಸಿಕ್ಕಷ್ಟು ಅದು ಉಬ್ಬತೈತಿ, ಒಳಗಿಂದ ಒಡೀತೈತಿ. ನಮ್ಮ ಬೆಳಗಾವಿ ಮಳಿಗಾಲದಾಗ ತೇವ ಯಾವಾಗ ಇರೂದಿಲ್ಲ ಹೇಳ್ರಿ. ಮ್ಯಾಲ ಸಿಮೆಂಟಿನಾಗಿನ ಸುಣ್ಣ ಹೊರಗ ಬಂದು ಬಿಳೇ ಪದರ ಕಟ್ಟತೈತಿ, ಗಾಢ ಬಣ್ಣದ ಪೀಸಿನ ಮ್ಯಾಲ ಅದು ಎದ್ದ ಕಾಣತೈತಿ. ಬಣ್ಣಕ್ಕೂ ಸಿಮೆಂಟ್ ವೈರಿ, ಐರನ್ ಆಕ್ಸೈಡಿನ ಕೆಂಪು, ಹಳದಿ, ಕಪ್ಪು ತಡೀತಾವ, ಪ್ರಶಿಯನ್ ಬ್ಲೂ ಅನ್ನೂ ಗಾಢ ನೀಲಿ ಅಂತೂ ಸುಣ್ಣದ ಮುಂದ ನಿಲ್ಲೂದ ಇಲ್ಲ. ನಮ್ಮ ನೀಲಿ ಯಾಕ ಮಾಸ್ತು ಅಂತ ಇಲ್ಲಿಗೆ ಉತ್ತರ ಸಿಕ್ತು. ಬರೇ ಸಿಮೆಂಟಿನ ಪೀಸ್ ಮಾಡೋರ ಮಾತ ಬ್ಯಾರೆ, ಅವರು ಅದಕ್ಕ ತಕ್ಕ ಬಣ್ಣಾ ಹಾಕ್ತಾರ, ನೆನಸಿ ಇಡ್ತಾರ, ಕೈಗೆ ಗ್ಲೋವ್ಸ್ ಹಾಕ್ತಾರ, ಯಾಕಂದ್ರ ಹಸಿ ಸಿಮೆಂಟ್ ಚರ್ಮ ಸುಡತೈತಿ. ಇಲ್ಲಿ ಹೇಳದ ಕೂಡಿಸಿ ‘ಸ್ಕಿನ್ ಸೇಫ್’ ಅಂತ ಬರದು ಮಾರೂದು ಐತಲ್ಲ, ಅದು ನನಗ ಎಲ್ಲಾಕ್ಕಿಂತ ಸಿಟ್ಟ ತರಿಸಿದ್ದು. ನನ್ನ ಕಡೆ ಕಲಸೂ ಹುಡುಗಿ ಕೈ ಆ ವಾರ ಪೂರಾ ಒರಟ ಒರಟ ಆಗಿದ್ದು.

ಮಾರೋರು ಫೋಟೋ ನೋಡಿ ಏನಂದ್ರ ಗೊತ್ತೇನ? ‘ಮೇಡಂ, ನಿಮ್ಮ ಊರಾಗ ಮಳಿ ಭಾಳ, ಪೌಡರ್ ಹವಾ ಹಿಡದೈತಿ.’ ಮಳಿಗೆ ಪೌಡರ್ ಕೆಡೂದು ಸುಳ್ಳಲ್ಲ, ಚೀಲ ಸಡಿಲ ಇಟ್ರ ಪಿಒಪಿ ತೇವ ಎಳಕೊಂಡು ಗಂಟ ಕಟ್ಟತೈತಿ, ಮೊದಮೊದಲ ಕಲಸೂದ್ರಾಗನ ಗಟ್ಟಿಯಾಗತೈತಿ, ಆಮ್ಯಾಲ ಎಷ್ಟೊತ್ತಾದ್ರೂ ಹಿಡಿಯೂದ ಇಲ್ಲ. ಅದಕ್ಕ ನಾನು ಬಿಗಿ ಮುಚ್ಚಳದ ಡಬ್ಬಿ ಒಳಗ ಇಡೂದು. ಆದ್ರ ಹವಾ ಹಿಡದ್ರ ಜಿಪ್ಸಂ ಸುಣ್ಣ ಆಗತೈತೇನ್ರಿ? ಅರಿಶಿಣ ಕೆಂಪ ಮಾಡತೈತೇನು? ಅದ ಮನ್ಯಾಗ, ಅದ ಮಳ್ಯಾಗ, ಅದಕಿಂತ ಹಳೇ ಸ್ಯಾಂಪಲ್ ಪೌಡರ್ ಇನ್ನೂ ಟಣ್ ಅನ್ನೂ ಪೀಸ್ ಕೊಡಾಕತ್ತೈತಿ. ಇದಕ್ಕ ಉತ್ತರ ಬರಲಿಲ್ಲ, ನೀಲಿ ಟಿಕ್ ಅಷ್ಟ ಬಂತು.

ತಗೊಳ್ಳೂ ಮುಂದ ಮನ್ಯಾಗನ ನೋಡಬಹುದಾದ್ದು ಹೇಳ್ತೇನಿ. ದೊಡ್ಡ ಚೀಲ ಬಂದ ಕೂಡಲೇ ಮ್ಯಾಲಿಂದ ಒಂದ ಹಿಡಿ ತಗೋರಿ, ಹೊಲಿಗಿ ಒಡಿಯೂದನ್ನ ವಿಡಿಯೋ ಮಾಡ್ಕೊರಿ. ಅರಿಶಿಣದ ಟೆಸ್ಟ್ ಮ್ಯಾಲ ಹೇಳೇನಿ, ಸಾದಾ ಪಿಒಪಿ ಒಳಗೂ ಒಮ್ಮೊಮ್ಮೆ ಚೂರು ಸುಣ್ಣ ಇರತೈತಿ, ಆಗ ತಿಳಿ ಕಂದು ಆಗಬಹುದು, ಗಾಢ ಕೆಂಪು ಬಂದ್ರ ಮಾತ್ರ ಸಂಶೆ ತಗೋರಿ. ವಿನೆಗರ್ ಒಂದೆರಡ ಹನಿ ಬಿಟ್ಟಾಗ ಬುರು ಬುರು ನೊರಿ ಬಂದ್ರ ಸುಣ್ಣದ ಕಲ್ಲಿನ ಪುಡಿ ಅಥವಾ ಚಾಕ್ ಪುಡಿ ಕೂಡಿಸ್ಯಾರ ಅಂತ, ಶುದ್ಧ ಜಿಪ್ಸಂ ಸುಮ್ಮನ ಕುಂದರತೈತಿ. ಆಮ್ಯಾಲ 100 ಗ್ರಾಂ ತೂಗಿ 30 ಮಿಲಿ ನೀರಿಗೆ ಪೌಡರ್ ಉದರಿಸಿ ನೋಡ್ರಿ, ಪೌಡರಿಗೆ ನೀರು ಅಲ್ಲ, ನೀರಿಗೆ ಪೌಡರ್. ಹರದ್ರ ಚಲೋ ಜಾತಿ. ಉದರಾಗೇ ಉಳದ್ರ ಅದು ಪಿಒಪಿ ರೇಟಿನ ಮಾಲು, ಅದಕ್ಕ ಅಷ್ಟ ರೊಕ್ಕ ಕೊಡ್ರಿ. ಬಣ್ಣಾ ಎಷ್ಟ ಹಾಕಿದ್ರೂ ಪೌಡರಿನ ತೂಕದ 2 ಪರ್ಸೆಂಟ್ ದಾಟಬ್ಯಾಡ್ರಿ, ದಾಟಿದ್ರ ಚಲೋ ಪೌಡರೂ ಮೆತ್ತಗಾಗತೈತಿ, ಆಗ ತಪ್ಪು ಯಾರದು ಅಂತ ಹೇಳಾಕ ಬರೂದಿಲ್ಲ.

ಬೆಳಗಾವಿಯವರಿಗೆ ಇನ್ನೊಂದ. ನಮ್ಮ ಊರಾಗ ಡೆಂಟಲ್ ಕಾಲೇಜು ಅದಾವ, ಹಂಗಾಗಿ ಹಲ್ಲಿನ ಡಾಕ್ಟರ ಸಾಮಾನು ಮಾರೂ ಅಂಗಡಿನೂ ಅದಾವ. ಅಲ್ಲಿ ಡೆಂಟಲ್ ಸ್ಟೋನ್ ಕೇಳ್ರಿ, ಪಾಕೀಟಿನ ಮ್ಯಾಲ ಟೈಪ್ 3 ಅಂತ, ನೀರಿನ ಪ್ರಮಾಣ ಇಷ್ಟ ಅಂತ ಛಾಪಿಸಿರತಾರ. ಹಳದಿ, ಹಸರು ಬಣ್ಣದ್ದು ಇದ್ರ ಬಿಡ್ರಿ, ಬಿಳೇದು ಕೇಳಿ ತಗೋರಿ. ಆ ಕುಬಸದ ಬಟ್ಟಲ ಎಲ್ಲಾ ನಾನು ಅದರಾಗನ ತಿರಗಿ ಮಾಡಿ ಕೊಟ್ಟೇನಿ. ಅಮ್ಮಾರು ರೊಕ್ಕ ಕೊಡಾಕ ಬಂದ್ರು, ತಗೊಳ್ಳಲಿಲ್ಲ. ಒಂದ ನೆನಪಿರಲಿ, ಇವು ಯಾವೂ ಊಟದ ಸಾಮಾನಿಗೆ ಅಲ್ಲ, ಚಟ್ನಿ ಬಟ್ಟಲ ಮಾಡಿ ಕೊಡ್ರಿ ಅಂತ ಯಾರರ ಕೇಳಿದ್ರ ಇಲ್ಲ ಅನ್ರಿ.

ನಡಕ ಒಂದ ಮಾತ, ಈಗ ರಜಾದಾಗ ಹುಡುಗ್ರಿಗೆ ಕೈ ಅಚ್ಚಿನ ವರ್ಕ್‌ಶಾಪ್ ಮಾಡಾಕತ್ತಾರ. ಪ್ಲಾಸ್ಟರ್ ಒಳಗ ಹುಡುಗ್ರ ಕೈ ಹುಗಸಬ್ಯಾಡ್ರಿ. ಗಟ್ಟಿಯಾಗೂಮುಂದ ಅದು ಕಾಯತೈತಿ, ದಪ್ಪ ಇದ್ರ 60 ಡಿಗ್ರಿ ತನಕಾ ಹೋಗತೈತಿ, ಕೈ ತಗೀಬೇಕಂದ್ರ ಬರೂದಿಲ್ಲ. 2007ರಾಗ ಇಂಗ್ಲೆಂಡಿನ ಒಂದ ಶಾಲ್ಯಾಗ ಒಬ್ಬಾಕಿ ಹುಡುಗಿ ಹಿಂಗ ಬಟ್ಟು ಕಳಕೊಂಡಾಳ. ಕೈ ಅಚ್ಚಿಗೆ ಆಲ್ಜಿನೇಟ್ ಅಂತ ರಬ್ಬರಿನಂಗ ಮೆತ್ತಗ ಹಿಡಿಯೂ ಪುಡಿ ಸಿಗತೈತಿ, ಅದರಾಗ ಕೈ ಇಟ್ಟು ತಗದು, ಆ ಖಾಲಿ ಜಾಗಾಕ್ಕ ಪ್ಲಾಸ್ಟರ್ ಹೊಯ್ಯೂದು.

ರೊಕ್ಕದ ಕಥಿ ಇನ್ನೂ ನಡದೈತಿ. ಇನ್ನೂ ಒಡೀದ ಹಂಗ ಇದ್ದ ಚೀಲ ವಾಪಸ್ ತಗೊಂಡ್ರು, ಅದೂ ಕೊರಿಯರ್ ಖರ್ಚು ನನ್ನ ತಲಿ ಮ್ಯಾಲ ಹಾಕಿ. ಒಡದದ್ದಕ್ಕ ಪಾಲಿಸಿ ಇಲ್ಲ ಅಂದ್ರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ದೂರು ಕೊಟ್ಟೇನಿ, ಬಿಲ್ಲು, ವಾಟ್ಸಾಪ್ ಮೆಸೇಜ್, ಎರಡ ತಾಟಿನ ಫೋಟೋ ಎಲ್ಲಾ ತಯಾರ್ ಇಟ್ಟೇನಿ. ಬಿಲ್ಲಿನಾಗ ಬರೇ ‘ಕ್ರಾಫ್ಟ್ ಮಟೀರಿಯಲ್’ ಅಂತ ಬರದಾರ, ಅದ ತೊಡಕಾಗೇತಿ, ನೀವು ತಗೊಳ್ಳೂಮುಂದ ಪೌಡರಿನ ಹೆಸರು ಮತ್ತ ಬ್ಯಾಚ್ ನಂಬರ್ ಬಿಲ್ಲಿನಾಗ ಬರಸ್ಕೋರಿ. ಒಡದ ಚೀಲದಾಗಿನ ಪೌಡರ್ ಸಿಂಕಿನಾಗ ಹಾಕಾಂಗಿಲ್ಲ, ಪೈಪಿನಾಗ ಕಲ್ಲಾಗಿ ಕುಂದರತೈತಿ. ನಮ್ಮ ಬೆಳಗಾವಿಯ ವಡಗಾವಿ ಕಡೆ ಯಾರಿಗರ ಮೊಳಿ ಹೊಡದ ತೂತು ಮುಚ್ಚಾಕ ಬೇಕಾಗಿದ್ರ ಬಂದು ಒಯ್ರಿ, ಪುಕ್ಕಟೆ ಐತಿ. ಒಳಗಿನ ಒಣ ಗ್ವಾಡಿಗೆ ಅಷ್ಟ, ಮಳಿ ಬಡಿಯೂ ಗ್ವಾಡಿಗೆ ಬ್ಯಾಡ.