ಜೀರೊ ಸಂಗೀತೋತ್ಸವ: ಗದ್ದೆ ಬಯಲಿನಲ್ಲಿ ನಾಲ್ಕು ದಿನ

ಒಂದು ಹೊತ್ತಿಗೆ ಒಂದೇ ಹಾಡು. ಅರುಣಾಚಲ ಪ್ರದೇಶದ ಜೀರೊ ಸಂಗೀತೋತ್ಸವವನ್ನು ಮೆಚ್ಚಿಕೊಳ್ಳಲು ನಮಗೆ ಈ ಒಂದು ಕಾರಣವೇ ಸಾಕು. ಅಲ್ಲಿರುವುದು ಎರಡು ವೇದಿಕೆ. ಹಗಲಿನದರ ಹೆಸರು ದಾನ್ಯಿ, ರಾತ್ರಿಯದರ ಹೆಸರು ಪೀಲೊ. ಜೀರೊದ ಬುಡಕಟ್ಟಿನವರಾದ ಅಪಾತಾನಿಗಳ ಮಾತಿನಲ್ಲಿ ಸೂರ್ಯ ಮತ್ತು ಚಂದ್ರ. ಸೂರ್ಯನ ಸರದಿ ಮುಗಿದ ಮೇಲೆ ಚಂದ್ರನದು. ದೊಡ್ಡ ಊರುಗಳ ಉತ್ಸವಗಳಲ್ಲಿ ನಾಲ್ಕೈದು ವೇದಿಕೆಗಳು ಒಟ್ಟಿಗೇ ಮೊಳಗುತ್ತವೆ. ಯಾರನ್ನು ಕೇಳುವುದು, ಯಾರನ್ನು ಬಿಡುವುದು ಎಂದು ಪಟ್ಟಿ ಹಿಡಿದು ಓಡಾಡುವುದರಲ್ಲೇ ಅರ್ಧ ಸಂಜೆ ಹೋಗುತ್ತದೆ. ಜೀರೊದಲ್ಲಿ ಆ ಓಟವಿಲ್ಲ. ಬಂದವರೆಲ್ಲ ಒಂದೇ ಹಾಡು ಕೇಳುತ್ತಾರೆ, ಒಂದೇ ಮಳೆಯಲ್ಲಿ ನೆನೆಯುತ್ತಾರೆ, ಊಟದ ಮಳಿಗೆಯ ಮುಂದೆ ಅದೇ ಹಾಡಿನ ಬಗ್ಗೆ ಮಾತಾಡುತ್ತಾರೆ. ಮೂರನೇ ದಿನದ ಹೊತ್ತಿಗೆ ಪಕ್ಕದಲ್ಲಿ ನಿಂತವರ ಮುಖ ಪರಿಚಯವಾಗಿರುತ್ತದೆ. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಜಮಖಾನೆಯ ಮೇಲೆ ಅಹೋರಾತ್ರಿ ಕೂತು ಕೇಳಿದವರಿಗೆ ಈ ಸುಖ ಹೊಸದೇನಲ್ಲ. ಸಂಗೀತ ಬೇರೆ, ಕೂಟದ ಗುಣ ಅದೇ.

ಉತ್ಸವ ಶುರುವಾದದ್ದು 2012ರಲ್ಲಿ. ದಿಲ್ಲಿಯ ಮೆನ್‌ಹೂಪಾಸ್ ಬ್ಯಾಂಡಿನ ಗಿಟಾರ್ ವಾದಕ ಅನೂಪ್ ಕುಟ್ಟಿ ಮತ್ತು ಅರುಣಾಚಲದವರೇ ಆದ ಬಾಬಿ ಹಾನೊ ಇದನ್ನು ಕಟ್ಟಿದವರು. ಕೋವಿಡ್ ಕಾರಣಕ್ಕೆ 2020 ಮತ್ತು 2021ರಲ್ಲಿ ನಡೆಯಲಿಲ್ಲ. 2022ರಿಂದ ಮತ್ತೆ ನಡೆಯುತ್ತಿದೆ. ಸೆಪ್ಟೆಂಬರ್ ಕೊನೆಯ ಗುರುವಾರದಿಂದ ಭಾನುವಾರದವರೆಗೆ, ನಾಲ್ಕು ದಿನ. ಸೋನಿಕ್ ಯೂತ್ ಬ್ಯಾಂಡಿನ ಲೀ ರೆನಾಲ್ಡೊ, ಸ್ಟೀವ್ ಶೆಲ್ಲಿ, ಶಿಲ್ಲಾಂಗಿನ ಗಾಯಕ ಲೂ ಮಾಜಾ, ಮಣಿಪುರದ ತಾಂಗ್‌ಖುಲ್ ನಾಗಾ ಹಾಡುಗಾರ ರೂಬೆನ್ ಮಶಾಂಗ್ವಾ ಇಲ್ಲಿ ಹಾಡಿ ನುಡಿಸಿದ್ದಾರೆ. ಆದರೆ ಹೆಸರುಗಳನ್ನು ನೋಡಿಕೊಂಡು ಟಿಕೆಟ್ ತೆಗೆಯುವ ಉತ್ಸವ ಇದಲ್ಲ. ಈಶಾನ್ಯ ರಾಜ್ಯಗಳ ಬ್ಯಾಂಡುಗಳು ಮತ್ತು ಜನಪದ ಗಾಯಕರೇ ಇದರ ಜೀವಾಳ. ಹೆಸರೇ ಕೇಳಿರದ ತಂಡವೊಂದು ಮಧ್ಯಾಹ್ನದ ಬಿಸಿಲಲ್ಲಿ ದಾನ್ಯಿ ಹತ್ತಿ, ನಲವತ್ತು ನಿಮಿಷದಲ್ಲಿ ಎಲ್ಲರನ್ನೂ ಒಲಿಸಿಕೊಂಡು ಇಳಿದು ಹೋಗುತ್ತದೆ. ಹಾಗಾಗಿ ರಾತ್ರಿಯ ದೊಡ್ಡ ತಂಡಕ್ಕೆಂದು ಕಾದು, ಮಧ್ಯಾಹ್ನವೆಲ್ಲ ಡೇರೆಯಲ್ಲಿ ಮಲಗುವವರು ಉತ್ಸವದ ಉತ್ತಮ ಭಾಗವನ್ನೇ ಕಳೆದುಕೊಳ್ಳುತ್ತಾರೆ.

ವೇದಿಕೆಗಳನ್ನು ಕಟ್ಟುವವರು ಅಪಾತಾನಿಗಳು, ಅವರದೇ ಬಿದಿರಿನಲ್ಲಿ. ಅಪಾತಾನಿ ಮನೆಗಳ ಸುತ್ತ ಬಿದಿರಿನ ಮೆಳೆ ಬೆಳೆಸುವುದು ಹಳೆಯ ಕ್ರಮ. ಮನೆ, ಬೇಲಿ, ಬುಟ್ಟಿ, ಲೋಟ ಎಲ್ಲವೂ ಅದರಿಂದಲೇ. ಉತ್ಸವದ ಕಮಾನು, ಬೆಂಚು, ಮಳಿಗೆಗಳೂ ಹಾಗೆಯೇ. ಕಬ್ಬಿಣದ ಚೌಕಟ್ಟು, ಪ್ಲಾಸ್ಟಿಕ್ ಬ್ಯಾನರುಗಳ ಕಾಡು ಇಲ್ಲದಿರುವುದರಿಂದ ಕಣ್ಣಿಗೆ ಮೊದಲು ಕಾಣುವುದು ಭತ್ತದ ಬಯಲು ಮತ್ತು ಅದರಾಚೆಗಿನ ಪೈನ್ ಗುಡ್ಡ.

ಶಬ್ದದ ವಿಷಯಕ್ಕೆ ಬಂದರೆ, ಬಯಲಿಗೆ ಗೋಡೆಯಿಲ್ಲ. ಸಭಾಂಗಣದಲ್ಲಿ ಗೋಡೆಗೆ ಬಡಿದು ಮರಳುವ ಮಂದ್ರ ಸ್ವರಗಳು ಇಲ್ಲಿ ಮರಳುವುದಿಲ್ಲ. ವೇದಿಕೆಯ ತೀರಾ ಮುಂದೆ, ಒಂದು ಪಕ್ಕಕ್ಕೆ ನಿಂತರೆ ಆ ಬದಿಯ ಸ್ಪೀಕರ್ ಮಾತ್ರ ಕಿವಿಗೆ ಹೊಡೆಯುತ್ತದೆ, ಹಾಡುಗಾರನ ಮಾತು ಹೂತುಹೋಗುತ್ತದೆ. ಎರಡು ಬದಿಯ ಸ್ಪೀಕರುಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ದೂರ ಹಿಂದೆ ಸರಿದು ನಡುಮಧ್ಯ ನಿಲ್ಲಿ. ಅಲ್ಲಿ ಎಲ್ಲವೂ ಹದವಾಗಿ ಕೇಳುತ್ತದೆ. ಇದೂ ಗೊಂದಲವೆನಿಸಿದರೆ ಮಿಕ್ಸರ್ ಇಟ್ಟ ಡೇರೆಯ ಮುಂದೆ ಹೋಗಿ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಸರಿ ಕಂಡಂತೆ ತಾನೇ ಹೊಂದಿಸುವುದು! ಎರಡು ತಂಡಗಳ ನಡುವೆ ಹೊತ್ತು ಹಿಡಿಯುತ್ತದೆ, ಅದಕ್ಕೂ ಕಾರಣವಿದೆ. ತೇವದ ಗಾಳಿಗೆ ತಬಲಾ, ಢೋಲಿನ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಸಂಜೆ ಥಟ್ಟನೆ ತಂಪೇರಿದಾಗ ಗಿಟಾರಿನ ತಂತಿಗಳೂ ಶ್ರುತಿ ತಪ್ಪುತ್ತವೆ. ಮಳೆ ಓರೆಯಾಗಿ ಬಂತೆಂದರೆ ತಂತಿ, ಪೆಡಲು, ಆಂಪ್ಲಿಫೈಯರುಗಳಿಗೆ ಮುಚ್ಚಿಗೆ ಹಾಕಿ ಕಾಯಲೇಬೇಕು. ನೀರು ಮತ್ತು ವಿದ್ಯುತ್ತಿನ ವಿಷಯದಲ್ಲಿ ಆತುರ ಸಲ್ಲದು. ಅರ್ಧ ಗಂಟೆ ತಡವಾದರೆ ಚಹಾ ಕುಡಿದು ಬನ್ನಿ.

ಬೆಂಗಳೂರಿನಿಂದ ಹೋಗುವವರು ಮೊದಲು ತಿದ್ದಿಕೊಳ್ಳಬೇಕಾದದ್ದು ಗಡಿಯಾರದ ಅಂದಾಜು. ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಜೀರೊ ಅಷ್ಟು ಪೂರ್ವಕ್ಕಿರುವುದರಿಂದ ಅಲ್ಲಿ ಐದಕ್ಕೇ ಮುಳುಗುತ್ತಾನೆ, ಐದೂವರೆಗೆ ಕತ್ತಲು. ಬೆಳಗಾಗುವುದೂ ಐದಕ್ಕೇ. ಮಧ್ಯಾಹ್ನ ಎರಡಕ್ಕೆ ಸೂಮೊ ಹತ್ತಿ ಹಗಲಿರುವಾಗಲೇ ತಲುಪಿ ಡೇರೆ ಹಾಕುತ್ತೇವೆ ಅಂದುಕೊಂಡವರು ಕತ್ತಲಲ್ಲಿ, ಕೆಸರಲ್ಲಿ ಗೂಟ ಹುಡುಕುತ್ತಾರೆ.

ಇನ್ನು ದಾರಿ. ಅರುಣಾಚಲಕ್ಕೆ ಕಾಲಿಡಲು ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು; 1873ರ ಕಾಯ್ದೆಯ ಬೇರು ಇದಕ್ಕಿದೆ. ರಾಜ್ಯ ಸರ್ಕಾರದ ತಾಣದಲ್ಲೇ ಅರ್ಜಿ ಹಾಕಿ, ಫೋಟೊ ಮತ್ತು ಗುರುತಿನ ಚೀಟಿ ಏರಿಸಿ, ಶುಲ್ಕ ಕಟ್ಟಿದರೆ ಸಿಗುತ್ತದೆ. ಹೆಚ್ಚಿನವರು ಎಡವುವುದು ತಾರೀಕಿನಲ್ಲಿ. ಉತ್ಸವದ ನಾಲ್ಕು ದಿನಕ್ಕೆ ಮಾತ್ರ ಪರ್ಮಿಟ್ ತೆಗೆಯುತ್ತಾರೆ, ಬರುವ ಹೋಗುವ ದಿನಗಳನ್ನು ಮರೆಯುತ್ತಾರೆ. ಹಿಂದೆ ಎರಡು, ಮುಂದೆ ಮೂರು ದಿನ ಸೇರಿಸಿಯೇ ಅರ್ಜಿ ಹಾಕಿ. ಗುಡ್ಡ ಕುಸಿದು ರಸ್ತೆ ನಿಂತರೆ ಆ ಹೆಚ್ಚಿನ ದಿನಗಳು ಕೈಹಿಡಿಯುತ್ತವೆ. ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಕಾಗದದಲ್ಲಿ ಮೂರು ಪ್ರತಿ ಇಟ್ಟುಕೊಳ್ಳಿ, ತಪಾಸಣೆಯ ಹೊತ್ತಿಗೆ ಮೊಬೈಲ್ ಸತ್ತಿರಬಹುದು. ವಿದೇಶಿ ಪಾಸ್‌ಪೋರ್ಟ್ ಇರುವ ಗೆಳೆಯರು ಜೊತೆಗಿದ್ದರೆ ಅವರಿಗೆ ಬೇರೆಯದೇ ಪರವಾನಗಿ, ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಅದಕ್ಕೆ ಬೇಗ ಕೈ ಹಾಕಿ.

ದಾರಿ ಎರಡಿದೆ. ಇಟಾನಗರದ ಹತ್ತಿರ ಹೊಲ್ಲೊಂಗಿಯಲ್ಲಿ 2022ರ ನವೆಂಬರಿನಲ್ಲಿ ಶುರುವಾದ ದೋನ್ಯಿ ಪೋಲೊ ವಿಮಾನ ನಿಲ್ದಾಣಕ್ಕೆ ಇಳಿಯುವುದು ಒಂದು. ಗುವಾಹಟಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ನಹರ್ಲಗುನ್‌ಗೆ ಬೆಳಗ್ಗೆ ಇಳಿಯುವುದು ಇನ್ನೊಂದು. ನಮ್ಮ ಒಲವು ಎರಡನೆಯದಕ್ಕೆ. ರೈಲು ಬೆಳಗ್ಗೆಯೇ ತಲುಪಿಸುವುದರಿಂದ ಬೆಟ್ಟದ ರಸ್ತೆಗೆ ಇಡೀ ಹಗಲು ಸಿಗುತ್ತದೆ. ನಹರ್ಲಗುನ್‌ನಿಂದ ಜೀರೊಗೆ ಸುಮಾರು ನೂರು ಕಿಲೋಮೀಟರ್. ಸಾಮಾನ್ಯ ದಿನ ನಾಲ್ಕು ತಾಸು, ಮಳೆ ಹಿಡಿದರೆ ಆರು. ಶೇರ್ ಸೂಮೊದಲ್ಲಿ ಹತ್ತು ಜನ ತುಂಬುತ್ತಾರೆ. ಮುಂದಿನ ಸೀಟು ಮೊದಲೇ ಹೋಗುತ್ತದೆ, ಹಿಂದಿನ ಸಾಲು ಸೊಂಟ ಮುರಿಯುತ್ತದೆ. ನಡುಸಾಲಿನ ಕಿಟಕಿ ಕೇಳಿ ಪಡೆಯಿರಿ. ಬ್ಯಾಗು ಹೋಗುವುದು ಮೇಲ್ಛಾವಣಿಗೆ. ಅದಕ್ಕೆ ಹೊದಿಕೆಯಿದ್ದರೂ ನಂಬಬೇಡಿ, ಬಟ್ಟೆಗಳನ್ನು ಒಳಗೇ ದಪ್ಪ ಚೀಲದಲ್ಲಿ ಕಟ್ಟಿ. ತಿರುವಿನ ರಸ್ತೆ ಆಗಿಬರದವರು ಹೊರಡುವ ಅರ್ಧ ಗಂಟೆ ಮುಂಚೆ ವಾಂತಿಯ ಮಾತ್ರೆ ನುಂಗುವುದು ಒಳ್ಳೆಯದು. ಚಾರ್ಮಾಡಿ, ಆಗುಂಬೆ ಇಳಿದು ಅಭ್ಯಾಸವಿದ್ದರೂ ಇಲ್ಲಿನ ತಿರುವುಗಳು ಗಂಟೆಗಟ್ಟಲೆ ಮುಗಿಯುವುದಿಲ್ಲ.

ಉಳಿಯಲು ಜೀರೊದ ಪೇಟೆಯಾದ ಹಾಪೋಲಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ. ಉತ್ಸವದ ಬಯಲಿನ ಸುತ್ತ ಬಾಡಿಗೆ ಡೇರೆಗಳ ಬೀಡುಗಳಿವೆ. ಐವತ್ತು ದಾಟಿದವರು, ಮಕ್ಕಳಿರುವವರು ಹೋಮ್‌ಸ್ಟೇ ಹಿಡಿಯಲಿ. ಅಪಾತಾನಿ ಮನೆಯ ಒಲೆಯ ಸುತ್ತ ಕೂತು ಒದ್ದೆ ಕಾಲುಚೀಲ ಒಣಗಿಸಿಕೊಳ್ಳುವ ಅನುಕೂಲ ಡೇರೆಯಲ್ಲಿ ಎಲ್ಲಿಂದ ಬರಬೇಕು? ಆದರೆ ರಾತ್ರಿ ಪೀಲೊ ಮುಗಿದ ಮೇಲೆ ಗಾಡಿ ಸಿಗುವುದು ಕಷ್ಟ. ಮನೆಯವರೊಡನೆ ಅಥವಾ ಒಬ್ಬ ಚಾಲಕನೊಡನೆ ನಾಲ್ಕೂ ರಾತ್ರಿಗೆ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ.

ಡೇರೆ ಆಯ್ದವರು ಬಾಡಿಗೆ ಕೊಡುವವರನ್ನು ನಾಲ್ಕು ಪ್ರಶ್ನೆ ಕೇಳಿ: ಹೊರ ಹೊದಿಕೆ ನೆಲದವರೆಗೂ ಇಳಿಯುತ್ತದೆಯೇ, ನೆಲಕ್ಕೆ ಮರದ ಅಥವಾ ಬಿದಿರಿನ ಅಟ್ಟಣಿಗೆ ಇದೆಯೇ, ಎಷ್ಟು ಜನಕ್ಕೆ ಒಂದು ಶೌಚಾಲಯ, ಚಾರ್ಜಿಂಗ್ ಎಲ್ಲಿ. ಇಬ್ಬರ ಡೇರೆ ಎಂದರೆ ಇಬ್ಬರು ಅಂಟಿಕೊಂಡು ಮಲಗುವಷ್ಟು, ಬ್ಯಾಗಿಗೆ ಜಾಗವಿಲ್ಲ. ಇಬ್ಬರಿಗೆ ಮೂವರದ್ದನ್ನೇ ತೆಗೆದುಕೊಳ್ಳಿ. ಸ್ವಂತ ಡೇರೆಯಾದರೆ ತಗ್ಗು ಬಿಟ್ಟು, ಬಾಗಿಲು ಗಾಳಿಗೆ ಬೆನ್ನು ಮಾಡುವಂತೆ ಹಾಕಿ. ಕೆಳಗೆ ಹಾಸುವ ಟಾರ್ಪಾಲು ಡೇರೆಯ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡರೆ ಮೇಲಿಂದ ಇಳಿದ ನೀರನ್ನು ಅದೇ ಹಿಡಿದು ನಿಮ್ಮ ಹಾಸಿಗೆಯ ಕೆಳಗೆ ತರುತ್ತದೆ. ರಾತ್ರಿ ಒದ್ದೆಯಾಯಿತು ಎಂದು ಡೇರೆಯನ್ನು ಬೈಯುವ ಎಷ್ಟೋ ಕಡೆ ತಪ್ಪು ಈ ಟಾರ್ಪಾಲಿನದು. ಉಸಿರಿನ ತೇವ ಒಳಗೇ ಹನಿಗಟ್ಟದಂತೆ ಮೇಲಿನ ಗಾಳಿಕಿಂಡಿ ತೆರೆದಿಡಿ, ಚಳಿಯಾದರೂ ಸರಿ. ಬಯಲು ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ. ಸ್ವೆಟರು, ಕಿವಿ ಮುಚ್ಚುವ ಟೋಪಿ, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗು ಬೇಕೇಬೇಕು.

ಕಾಲಿಗೆ ಗಂಬೂಟು. ಮಲೆನಾಡಿನ ಜುಲೈ ಕಂಡವರಿಗೆ ಈ ಕೆಸರು ಗೊತ್ತು. ಸಾವಿರಾರು ಜನ ತುಳಿದ ಮೇಲೆ ಅದು ಇನ್ನೂ ಮೆತ್ತಗಾಗುತ್ತದೆ. ಊರಿಂದ ಹೊರಬೇಕಿಲ್ಲ, ಹಾಪೋಲಿ ಬಜಾರಿನಲ್ಲಿ ಸಿಗುತ್ತವೆ. ಒಂದು ಅಳತೆ ದೊಡ್ಡದು ಕೊಳ್ಳಿ, ಎರಡು ಜೊತೆ ಕಾಲುಚೀಲ ಹಿಡಿಸಬೇಕು. ದೊಡ್ಡ ಅಳತೆಗಳು ಶುಕ್ರವಾರಕ್ಕೆಲ್ಲ ಮುಗಿದಿರುತ್ತವೆ, ಆದ್ದರಿಂದ ಇಳಿದ ದಿನವೇ ಕೊಂಡುಬಿಡಿ. ಕೊಡೆ ಬೇಡ, ಹಿಂದಿನವರಿಗೆ ವೇದಿಕೆ ಕಾಣದು. ಮೊಣಕಾಲು ಮುಚ್ಚುವ ರೇನ್‌ಕೋಟು ತನ್ನಿ. ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕ್ ಇರಲಿ (ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು). ನಗದು ಸಾಕಷ್ಟು ಇಟ್ಟುಕೊಳ್ಳಿ. ಅಷ್ಟು ಜನ ಒಂದೆಡೆ ಸೇರಿದಾಗ ಮೊಬೈಲ್ ಜಾಲ ಕುಸಿಯುತ್ತದೆ, ಫೋನಿನಲ್ಲಿ ಹಣ ಕೊಡುವ ದಾರಿ ಮುಚ್ಚುತ್ತದೆ.

ಊಟದ ಮಳಿಗೆಗಳ ಬಹುಪಾಲು ಊರವರವೇ, ಬಿಟ್ಟು ಬರಬಾರದ ಸಂಗತಿ ಇದು. ಕಳಲೆ ಇಲ್ಲಿನ ಅಡಿಗೆಯ ಬೆನ್ನೆಲುಬು. ನಮ್ಮಲ್ಲಿ ನೀರಲ್ಲಿ ನೆನೆಸಿ ಕಹಿ ತೆಗೆದು ಪಲ್ಯ ಮಾಡುವ ಅದೇ ಎಳೆ ಬಿದಿರನ್ನು ಇವರು ಹುಳಿ ಬರಿಸಿ, ಹಂದಿ ಮಾಂಸದೊಡನೆ ಬೇಯಿಸುತ್ತಾರೆ. ಅದಕ್ಕೆ ತಪ್ಯೊ ಎಂಬ ಕಪ್ಪು ಉಪ್ಪು ಬೀಳುತ್ತದೆ. ಸಮುದ್ರದ ಉಪ್ಪು ಸಿಗದ ಕಾಲದಲ್ಲಿ ಗಿಡಗಳನ್ನು ಸುಟ್ಟು, ಬೂದಿಯ ನೀರು ಸೋಸಿ ಬತ್ತಿಸಿ ಮಾಡಿಕೊಂಡ ಉಪ್ಪು. ಈ ಅಡಿಗೆಯ ಹೆಸರು ಪಿಕೆ ಪಿಲಾ. ಹೊಗೆಯ ಘಮವಿರುವ ಅದರ ರುಚಿ ಮೊದಲ ತುತ್ತಿಗೆ ವಿಚಿತ್ರ, ಎರಡನೆಯದಕ್ಕೆ ಹಿತ. ಮಾಂಸ ತಿನ್ನದವರಿಗೆ ಅನ್ನ, ಬೇಳೆ, ಬೇಯಿಸಿದ ಸೊಪ್ಪು ಸಿಗುತ್ತದೆ, ಆಯ್ಕೆ ಕಡಿಮೆ. ಚಟ್ನಿಪುಡಿಯ ಡಬ್ಬಿಯೊಂದು ಬ್ಯಾಗಿನಲ್ಲಿರಲಿ. ಅಕ್ಕಿ, ರಾಗಿಯನ್ನು ಹುಳಿ ಬರಿಸಿದ ಮನೆ ಬಿಯರನ್ನು ಬಿದಿರಿನ ಲೋಟದಲ್ಲಿ ಕೊಡುತ್ತಾರೆ. ನಾಲಿಗೆಗೆ ಮೆತ್ತಗೆ, ಕಾಲಿಗೆ ತಡವಾಗಿ ಹತ್ತುತ್ತದೆ. ಎರಡು ಲೋಟದ ನಡುವೆ ನೀರು ಕುಡಿಯಿರಿ, ನಿಮ್ಮದೇ ಬಾಟಲಿಯಿಂದ.

ಕೊರತೆಗಳೂ ಇವೆ. ಹೆಸರು ಹಬ್ಬಿದಂತೆ ಜನ ಹೆಚ್ಚಿದ್ದಾರೆ. ಶನಿವಾರ ಸಂಜೆ ಬಯಲಿನ ಹಾದಿಯಲ್ಲಿ ಗಾಡಿಗಳು ಸಾಲುಗಟ್ಟುತ್ತವೆ, ಶೌಚಾಲಯದ ಮುಂದೆ ಜನವೂ. ನಾಲ್ಕು ದಿನ ಸಾಧ್ಯವಾಗದೆ ಎರಡೇ ದಿನ ಬರುವವರು ವಾರಾಂತ್ಯ ಬಿಟ್ಟು ಗುರುವಾರ, ಶುಕ್ರವಾರ ಆರಿಸಿಕೊಳ್ಳಲಿ. ಈ ಉತ್ಸವದ ಹಳೆಯ ಸಲಿಗೆ ಈಗ ಉಳಿದಿರುವುದು ಆ ಎರಡು ದಿನಗಳಲ್ಲಿ. ನಮಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು ಗದ್ದೆಯ ಬದು ಹತ್ತಿ ಫೋಟೊ ತೆಗೆಯುವವರ ಹಾವಳಿ. ಉತ್ಸವದ ಹೊತ್ತಿಗೆ ಭತ್ತ ಹಳದಿಗೆ ತಿರುಗಿ ಕೊಯ್ಲಿಗೆ ಬಂದಿರುತ್ತದೆ. ಬದು ಎಂದರೆ ಇಲ್ಲಿ ಬರೀ ಕಾಲುದಾರಿಯಲ್ಲ, ಅಪಾತಾನಿಗಳು ಅದರ ಮೇಲೆ ರಾಗಿ ಬೆಳೆಯುತ್ತಾರೆ. ಗದ್ದೆಯೊಳಗೆ ಕಾಲುವೆ ತೋಡಿ, ನಿಂತ ನೀರಲ್ಲಿ ಮೀನು ಸಾಕುತ್ತಾರೆ. ನೀರು ಇಳಿದಾಗ ಮೀನು ಆ ಕಾಲುವೆಗೆ ಸೇರಿಕೊಳ್ಳುತ್ತದೆ. ಬದು ಕುಸಿದರೆ ನೀರು, ಮೀನು, ರಾಗಿ ಮೂರೂ ಹೋದಂತೆ. ಹಾಗೆಯೇ ಮೂಗಿಗೆ ಬಿಲ್ಲೆ, ಮುಖಕ್ಕೆ ಹಚ್ಚೆ ಇರುವ ಅಜ್ಜಿಯರನ್ನು ಕೇಳದೆ ಕ್ಯಾಮೆರಾ ಹಿಡಿಯಬೇಡಿ. ಆ ರೂಢಿ 1970ರ ದಶಕದಲ್ಲೇ ನಿಂತುಹೋಯಿತು. ಈಗಿರುವವರು ಕೊನೆಯ ತಲೆಮಾರು.

ಮರಳುವ ಸೂಮೊ ಸೀಟನ್ನು ಶುಕ್ರವಾರವೇ ಹಾಪೋಲಿಯ ಕೌಂಟರಿನಲ್ಲಿ ಕಾದಿರಿಸಿ. ಸೋಮವಾರ ಬೆಳಗ್ಗೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಸೋಮವಾರ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಬೇಡಿ, ಒಂದು ಕುಸಿತ ಸಾಕು ಅದು ತಪ್ಪಲು. ಮಂಗಳವಾರ ಹೊರಟರೆ ಇನ್ನೂ ಒಳ್ಳೆಯದು. ಸೋಮವಾರ ಹೊಂಗ್ ಹಳ್ಳಿಯ ಕಡೆ ನಡೆದು ಹೋಗಿ. ಜನ ಇಳಿದು ಹೋಗಿರುತ್ತಾರೆ, ಬದುಗಳ ಮೇಲೆ ರಾಗಿ ತೆನೆ ಬಾಗಿರುತ್ತದೆ, ಸಂಜೆ ನಾಲ್ಕೂವರೆಯೊಳಗೆ ಮರಳಿದರೆ ಟಾರ್ಚು ಬೇಕಾಗುವುದಿಲ್ಲ.