ಸ್ವಿಫ್ಟ್ ಸ್ಪೋರ್ಟ್‌ಗೆ 16 ಇಂಚಿನ ಹಗುರ ವೀಲ್: ಒಂದು ಸೆಟ್ ಟೈರ್ ಸವೆದ ಮೇಲೆ ಬರೆದ ವಿಮರ್ಶೆ

ಹಗುರ ವೀಲ್ ಹಾಕಿಸಿದರೆ ಪಿಕಪ್ ಸಿಕ್ಕಾಪಟ್ಟೆ ಜಾಸ್ತಿ ಆಗುತ್ತದೆ ಅಂತ ಕಾಯುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಸಿಗೋದು ತುಂಬಾ ಕಡಿಮೆ. ಲಾಭ ಇರೋದು ಬೇರೆ ಕಡೆ. ಒರಟು ರಸ್ತೆಯಲ್ಲಿ ಚಕ್ರ ನೆಲ ಬಿಡದೆ ಓಡುತ್ತದೆ. ತಿರುವಿನ ನಡುವೆ ಉಬ್ಬು ಸಿಕ್ಕರೆ ಹಿಂಭಾಗ ಪಕ್ಕಕ್ಕೆ ಎಗರುವುದು ಕಡಿಮೆಯಾಗುತ್ತದೆ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಕಾರಿನ ಮೂತಿ ತಡಮಾಡದೆ ತಿರುಗುತ್ತದೆ. ನನಗೆ ಬೇಕಾಗಿದ್ದೂ ಇದೇ. ವೀಲ್ ಹಾಕಿಸಿ ಈಗ ಮೂರನೇ ವರ್ಷ, ಮೊದಲ ಸೆಟ್ ಟೈರ್ ಸವೆದು ಬದಲಿಸುವ ಹೊತ್ತು ಬಂದಿದೆ. ಹಾಗಾಗಿ ಈಗ ಬರೆದರೆ ಸರಿ ಅನ್ನಿಸಿತು.

ಕಾರು ಸುಜುಕಿ ಸ್ವಿಫ್ಟ್ ಸ್ಪೋರ್ಟ್, ಝಡ್‌ಸಿ33ಎಸ್ ಮಾದರಿ. 1.4 ಲೀಟರ್ ಟರ್ಬೊ ಎಂಜಿನ್, ಮ್ಯಾನ್ಯುಯಲ್ ಗೇರ್. ಜಪಾನಿನ ಮ್ಯಾನ್ಯುಯಲ್ ಕಾರಿನ ತೂಕ 970 ಕೆ.ಜಿ. ಈ ಕಾಲದ ಕಾರುಗಳ ನಡುವೆ ಇದು ನಿಜಕ್ಕೂ ಹಗುರ. ಕಂಪನಿಯಿಂದ ಬರೋದು 17 ಇಂಚಿನ, 6.5 ಇಂಚು ಅಗಲದ ವೀಲ್, ಆಫ್‌ಸೆಟ್ 50 (ವೀಲ್ ಕಾರಿಗೆ ಕೂರುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನೋ ಅಳತೆ; ಇದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ), ಟೈರ್ 195/45 ಆರ್17 (195 ಮಿ.ಮೀ. ಅಗಲ, ಅದರ ನೂರಕ್ಕೆ 45ರಷ್ಟು ಗೋಡೆ ಎತ್ತರ, 17 ಇಂಚಿನ ವೀಲ್). ನಾನು ಹಾಕಿಸಿರೋದು 16 ಇಂಚಿನ, 7 ಇಂಚು ಅಗಲದ, ಆಫ್‌ಸೆಟ್ 45 ಇರುವ ಫ್ಲೋ ಫಾರ್ಮ್ ವೀಲ್ (ಹೀಗಂದರೇನು ಅಂತ ಮುಂದೆ ಹೇಳುತ್ತೇನೆ). ಜೊತೆಗೆ 205/50 ಆರ್16 ಟೈರ್.

ಲಗೇಜ್ ತೂಗುವ ಕೈ ತಕ್ಕಡಿಗೆ ಎಲ್ಲವನ್ನೂ ನೇತುಹಾಕಿ ತೂಗಿದ್ದೆ. ಹಳೇ ವೀಲ್ ಒಂದಕ್ಕೆ ಹತ್ತಿರ ಹತ್ತಿರ 9 ಕೆ.ಜಿ., ಹೊಸದು 6.5. ಇಲ್ಲಿವರೆಗೆ ಖುಷಿಯ ವಿಷಯ. ಆದರೆ ಟೈರ್ ಸಮೇತ ತೂಗಿದಾಗ ವ್ಯತ್ಯಾಸ ಎರಡೂವರೆ ಕೆ.ಜಿ.ಯಿಂದ ಎರಡರ ಆಸುಪಾಸಿಗೆ ಇಳಿಯಿತು. ಅಗಲದ ಟೈರೇ ಅರ್ಧ ಕೆ.ಜಿ.ಗೂ ಜಾಸ್ತಿ ತಿಂದು ಹಾಕಿತ್ತು! ವೀಲ್ ಕೊಳ್ಳುವಾಗ ನೂರು ಗ್ರಾಂಗೂ ಚರ್ಚೆ ಮಾಡುವವರು ಟೈರ್ ತೂಕ ಕೇಳೋದೇ ಇಲ್ಲ. ಒಂದೇ ಅಳತೆಯ ಎರಡು ಟೈರ್‌ಗಳ ನಡುವೆ ಒಂದು ಕೆ.ಜಿ. ವ್ಯತ್ಯಾಸ ಇರೋದು ಅಪರೂಪವೇನಲ್ಲ. ಅದೂ ಆ ತೂಕದ ಬಹುಪಾಲು ಇರೋದು ಅತಿ ಹೊರಗಿನ ಅಂಚಿನಲ್ಲಿ.

ಹೊರ ಅಂಚು ಅಂದೆನಲ್ಲ, ಲೆಕ್ಕ ಇರೋದೇ ಅಲ್ಲಿ. ವೀಲ್‌ನಲ್ಲಿ ಒಂದು ಕೆ.ಜಿ. ಇಳಿಸಿದರೆ ಕಾರಿನಲ್ಲಿ ಹತ್ತು ಕೆ.ಜಿ. ಇಳಿಸಿದ ಹಾಗೆ ಅನ್ನೋ ಮಾತು ಎಲ್ಲಾ ಕಡೆ ಓಡಾಡುತ್ತದೆ. ಪಿಕಪ್ ಮಟ್ಟಿಗೆ ಅದು ಶುದ್ಧ ಸುಳ್ಳು. ಕಾರು ವೇಗ ಹಿಡಿಯುವಾಗ ಚಕ್ರದ ತೂಕಕ್ಕೆ ಎರಡು ಕೆಲಸ: ಕಾರಿನ ಜೊತೆ ಮುಂದೆ ಹೋಗಬೇಕು, ತಿರುಗುವ ವೇಗವನ್ನೂ ಹೆಚ್ಚಿಸಿಕೊಳ್ಳಬೇಕು. ನೆಲಕ್ಕೆ ತಾಗುವ ಅಂಚಿನಲ್ಲೇ ಇರುವ ಒಂದು ಕೆ.ಜಿ. ಎರಡು ಕೆ.ಜಿ.ಗೆ ಸಮ. ಅದೇ ಗರಿಷ್ಠ, ಅದನ್ನು ದಾಟೋಕೆ ಸಾಧ್ಯವೇ ಇಲ್ಲ. ವೀಲ್‌ನ ರಿಮ್ ಇನ್ನೂ ಒಳಗಿರೋದರಿಂದ ಅಲ್ಲಿನ ಒಂದು ಕೆ.ಜಿ. ಸುಮಾರು ಒಂದೂವರೆಗೆ ಸಮ. ಹಬ್ (ವೀಲ್ ಬಿಗಿಸುವ ನಡುಭಾಗ) ಹತ್ತಿರದ್ದು ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ನಾಲ್ಕು ವೀಲ್‌ಗಳಲ್ಲಿ 10 ಕೆ.ಜಿ. ಇಳಿದರೆ ಪಿಕಪ್ ಮಟ್ಟಿಗೆ ಡಿಕ್ಕಿಯಿಂದ 15 ಕೆ.ಜಿ. ಲಗೇಜ್ ತೆಗೆದ ಹಾಗೆ. ಟೈರ್ ವಾಪಸ್ ಕಿತ್ತುಕೊಂಡಿದ್ದನ್ನು ಕಳೆದರೆ ನನ್ನ ಕಾರಿನಲ್ಲಿ ಉಳಿದಿದ್ದು 10ರ ಆಸುಪಾಸು. ಡ್ರೈವರ್ ಸೇರಿ ಸಾವಿರ ಕೆ.ಜಿ. ದಾಟುವ ಕಾರಿಗೆ ಅದು ನೂರಕ್ಕೆ ಒಂದು ಪಾಲು. ಸ್ಟಾಪ್‌ವಾಚ್‌ಗೆ ಗೊತ್ತಾಗಬಹುದು, ಬೆನ್ನಿಗೆ ಗೊತ್ತಾಗಲ್ಲ.

ಸಸ್ಪೆನ್ಷನ್ ಲೆಕ್ಕ ಮಾತ್ರ ಬೇರೆ. ಅಲ್ಲಿ ನೋಡಬೇಕಾದ್ದು ಇಡೀ ಕಾರಿನ ತೂಕಕ್ಕೆ ಹೋಲಿಸಿದ ಪಾಲನ್ನಲ್ಲ, ಸ್ಪ್ರಿಂಗ್ ಕೆಳಗೆ ನೇತಾಡುವ ತೂಕದ ಪಾಲನ್ನು. ವೀಲ್, ಟೈರ್, ಬ್ರೇಕ್, ಹಬ್ ಎಲ್ಲಾ ಸೇರಿ ಒಂದು ಮೂಲೆಯಲ್ಲಿರೋದೇ ಹತ್ತಾರು ಕೆ.ಜಿ. ಅಷ್ಟೇ. ಅದರಲ್ಲಿ ಎರಡು ಕೆ.ಜಿ. ಹೋಯಿತು ಅಂದರೆ ಸಣ್ಣದಲ್ಲ. ಕಾರಿನ ಮೈ ಒಂದು ಸೆಕೆಂಡಿಗೆ ಒಂದೆರಡು ಸಲ ನಿಧಾನಕ್ಕೆ ತೂಗಿದರೆ, ಚಕ್ರ ತನ್ನ ಪಾಡಿಗೆ ಸೆಕೆಂಡಿಗೆ 10-15 ಸಲ ಕುಣಿಯುತ್ತದೆ. ಸಣ್ಣ ಸಣ್ಣ ಅಲೆಯಂಥ ಉಬ್ಬುಗಳ ಮೇಲೆ ಬರುವ ದಡದಡ ಅದೇ. ಭಾರದ ಚಕ್ರ ಉಬ್ಬಿನ ಮೇಲೆ ಹತ್ತಿದ ಮೇಲೆ ಬೇಗ ಇಳಿಯಲ್ಲ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಿಡಿದು ಕೆಳಗೆ ತರುವಷ್ಟರಲ್ಲಿ ಟೈರ್ ಹಿಡಿತ ಅರೆಕ್ಷಣ ಸಡಿಲ ಆಗಿರುತ್ತದೆ. ಹಗುರ ಚಕ್ರವನ್ನು ಅದೇ ಡ್ಯಾಂಪರ್ ಬೇಗ ಕೆಳಗೆ ತರುತ್ತದೆ.

ಈ ಕಾರಿನ ಹಿಂದಿರೋದು ಟಾರ್ಷನ್ ಬೀಮ್ ಅನ್ನೋ ಬಗೆಯ ಸಸ್ಪೆನ್ಷನ್. ಎಡ, ಬಲ ಚಕ್ರಗಳು ಒಂದಕ್ಕೊಂದು ಕಟ್ಟಿಕೊಂಡೇ ಇರುತ್ತವೆ. ಹಳೇ ವೀಲ್‌ನಲ್ಲಿ ವೇಗದ ತಿರುವಿನ ಮಧ್ಯೆ ಒಂದು ಪಕ್ಕಕ್ಕೆ ಉಬ್ಬು ಸಿಕ್ಕರೆ ಹಿಂಭಾಗ ಸಣ್ಣದಾಗಿ ಹೊರಗೆ ಹಾರುತ್ತಿತ್ತು. ಪ್ರತಿ ಸಲ ಸ್ಟೇರಿಂಗ್ ತಿದ್ದಬೇಕಿತ್ತು. ಈಗಲೂ ಗೊತ್ತಾಗುತ್ತದೆ, ಆದರೆ ಒಂದು ಸಲ ‘ಟಕ್’ ಅಂದು ಮುಗಿಯುತ್ತದೆ, ಕೈ ಅಲ್ಲಾಡಿಸಬೇಕಿಲ್ಲ. ನನ್ನ ಮಟ್ಟಿಗೆ ಈ ವೀಲ್‌ಗೆ ಕೊಟ್ಟ ದುಡ್ಡೆಲ್ಲಾ ಅಲ್ಲೇ ವಾಪಸ್ ಬಂತು. ಇದರಲ್ಲಿ ಟೈರ್‌ನ ಪಾಲೂ ಇದೆ, ಮುಚ್ಚಿಡುವಂಥದ್ದೇನಿಲ್ಲ. 195/45ರಿಂದ 205/50ಕ್ಕೆ ಹೋದಾಗ ಟೈರ್ ಗೋಡೆ ಸುಮಾರು 15 ಮಿ.ಮೀ. ಎತ್ತರ ಆಯಿತು. ಮೆತ್ತಗಾಗಿದ್ದಕ್ಕೆ ಅರ್ಧ ಕಾರಣ ಅದು. ಅದಕ್ಕೇ ಸಣ್ಣ ಕಾರಿಗೆ ಒಂದು ಇಂಚು ಇಳಿಸಿ ಅಂತ ನಾನು ಒತ್ತಿ ಹೇಳೋದು. 18 ಇಂಚಿನ ಹಗುರ ವೀಲ್ ಹುಡುಕುವ ಶ್ರಮ ಪಡುವ ಬದಲು 16 ಇಂಚಿನ ಸಾಧಾರಣ ವೀಲ್ ಹಾಕಿದರೂ ತೂಕ ತಾನಾಗಿಯೇ ಇಳಿಯುತ್ತದೆ.

ತೂಕದ ಜಾಹೀರಾತು ನೋಡುವಾಗ ಅಳತೆ ಕೇಳಿ. 1996ರಲ್ಲಿ ಬಂದ ರೇಯ್ಸ್ ಕಂಪನಿಯ ಟಿಇ37 ಹೆಸರುವಾಸಿಯಾಗಿದ್ದು 3.7 ಕೆ.ಜಿ. ತೂಕಕ್ಕೆ. ಅದು 15 ಇಂಚಿನ, 6 ಇಂಚು ಅಗಲದ ವೀಲ್ ತೂಕ. ಅದೇ ವಿನ್ಯಾಸ 18 ಇಂಚಿಗೆ, ಒಂಬತ್ತೂವರೆ ಅಗಲಕ್ಕೆ ಹೋದರೆ ತೂಕ ಎರಡು ಪಟ್ಟು ದಾಟುತ್ತದೆ.

ಫೋರ್ಜ್ಡ್ ಬಿಟ್ಟು ಫ್ಲೋ ಫಾರ್ಮ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಫೋರ್ಜ್ಡ್ ಅಂದರೆ ಅಲ್ಯುಮಿನಿಯಂ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ಅಮುಕಿ ಆಕಾರಕ್ಕೆ ತರೋದು. ಲೋಹ ಒತ್ತೊತ್ತಾಗಿ ಕೂರುತ್ತದೆ. ಏಟು ಬಿದ್ದರೆ ಸೀಳುವ ಬದಲು ಸಾಮಾನ್ಯವಾಗಿ ಬಾಗುತ್ತದೆ. ಫ್ಲೋ ಫಾರ್ಮ್‌ನಲ್ಲಿ ಮುಖ ಎರಕದ್ದೇ. ರಿಮ್ ಭಾಗವನ್ನು ಮಾತ್ರ ಬಿಸಿ ಮಾಡಿ, ತಿರುಗಿಸುತ್ತಾ ರೋಲರ್‌ಗಳಿಂದ ಒತ್ತಿ ತೆಳ್ಳಗೆ ಎಳೆಯುತ್ತಾರೆ. ಎಂಕೈ ತನ್ನ ಆರ್‌ಪಿಎಫ್1 ಮಾಡೋದೂ ಈ ಬಗೆಯಲ್ಲೇ. ತೂಕ ಇಳಿಯಬೇಕಾದ ಜಾಗ ರಿಮ್ ಆಗಿರೋದರಿಂದ ಈ ವಿಧಾನ ಸರಿಯಾದ ಜಾಗಕ್ಕೇ ಕೈ ಹಾಕುತ್ತದೆ. ರಸ್ತೆಯಲ್ಲಿ ಓಡಿಸುವ ಸಣ್ಣ ಕಾರಿಗೆ ಇಷ್ಟು ಸಾಕು. ಪ್ರತಿ ವಾರ ಟ್ರ್ಯಾಕ್‌ಗೆ ಹೋಗಿ ಅದರ ಅಂಚಿನ ಕೆರ್ಬ್ ಹತ್ತಿಸುವವರಾದರೆ ಫೋರ್ಜ್ಡ್‌ಗೇ ಹೋಗಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ತಕ್ಕಡಿಯಲ್ಲಿ ಎಲ್ಲಕ್ಕಿಂತ ಹಗುರ ಇರೋದೇ ಒಳ್ಳೇ ವೀಲ್ ಅಂದುಕೊಳ್ಳಬೇಡಿ. ಲೋಹ ಕಡಿಮೆ ಹಾಕಿ ತೂಕ ಇಳಿಸೋದು ಯಾರು ಬೇಕಾದರೂ ಮಾಡಬಹುದು. ವೀಲ್ ಹಿಂಭಾಗದಲ್ಲಿ ಎಷ್ಟು ಕೆ.ಜಿ. ಹೊರುತ್ತದೆ ಅಂತ ಅಚ್ಚೊತ್ತಿರುತ್ತಾರೆ. ಕಾರಿನ ಪ್ಲೇಟ್‌ನಲ್ಲಿರುವ ಆಕ್ಸಲ್ ಗರಿಷ್ಠ ತೂಕದ ಅರ್ಧಕ್ಕಿಂತ ಅದು ಜಾಸ್ತಿ ಇರಲೇಬೇಕು. ಟೈರ್‌ಗೂ ಇದೇ ಮಾತು. ಕಂಪನಿ ಟೈರ್‌ನ ಲೋಡ್ ಇಂಡೆಕ್ಸ್ (ಒಂದು ಟೈರ್ ಎಷ್ಟು ಹೊರಬಲ್ಲದು ಅನ್ನೋ ಸಂಕೇತ) 81, ಅಂದರೆ 462 ಕೆ.ಜಿ. ನನ್ನದು 87, ಅಂದರೆ 545. ಜಪಾನಿನ ಜೆಡಬ್ಲ್ಯೂಎಲ್ ಗುರುತು ಇದ್ದರೆ ಬಾಗುವ ದಣಿವು, ಭಾರ ಹೊತ್ತು ಉರುಳುವ ದಣಿವು, ಏಟು ತಾಳುವಿಕೆ, ಈ ಮೂರು ಪರೀಕ್ಷೆಗಳ ಮಟ್ಟಕ್ಕೆ ಮಾಡಿದ್ದು ಅಂತ ಅರ್ಥ. ಆದರೆ ಆ ಗುರುತನ್ನು ತಯಾರಕರೇ ಹಾಕಿಕೊಳ್ಳಬಹುದು. ಪಕ್ಕದಲ್ಲಿ ವಿಐಎ ಗುರುತೂ ಇದ್ದರೆ ಹೊರಗಿನ ಸಂಸ್ಥೆ ಪರೀಕ್ಷಿಸಿದೆ ಅಂತ. ಹೆಸರಾಂತ ವೀಲ್‌ನ ನಕಲು ಮಾಡಿ, ಗುರುತಿನ ಸಮೇತ ಅಚ್ಚೊತ್ತಿ ಮಾರುವವರೂ ಇದ್ದಾರೆ. ಗುರುತಿನ ಜೊತೆಗೆ ಯಾರಿಂದ ಕೊಳ್ಳುತ್ತಿದ್ದೀರಿ ಅನ್ನೋದನ್ನೂ ನೋಡಿ.

ಅಳತೆ ಹೊಂದಿಸುವ ಕೆಲಸಕ್ಕೆ ನಾನು ಜಾಸ್ತಿ ಸಮಯ ಕೊಟ್ಟೆ. ಇಲ್ಲಿ ಅವಸರ ಮಾಡಿದರೆ ಉಳಿದಿದ್ದೆಲ್ಲಾ ದಂಡ. ಈ ಕಾರಿಗೆ 5 ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 114.3, ಹಬ್ ವ್ಯಾಸ 60.1 ಮಿ.ಮೀ. ಹೊಸ ವೀಲ್ ಕಂಪನಿಯದಕ್ಕಿಂತ ಅರ್ಧ ಇಂಚು ಅಗಲ, ಆಫ್‌ಸೆಟ್ 5 ಕಡಿಮೆ. ಹಾಗಾಗಿ ಹೊರ ಅಂಚು ಸುಮಾರು 11 ಮಿ.ಮೀ. ಆಚೆ ಬಂತು, ಒಳ ಅಂಚು ಒಂದು ಮಿ.ಮೀ.ಗಿಂತ ಸ್ವಲ್ಪ ಮಾತ್ರ ಒಳಗೆ ಹೋಯಿತು. ಒಳಗಿನ ಸಸ್ಪೆನ್ಷನ್ ಸ್ಟ್ರಟ್‌ಗೂ ತಾಗಲ್ಲ, ಫೆಂಡರ್‌ಗೂ ತಾಗಲ್ಲ. ಆಫ್‌ಸೆಟ್ 35ಕ್ಕೆ ಇಳಿಸಿ ಚಕ್ರ ಹೊರಗೆ ತಂದರೆ ನೋಡೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ಮುಂದಿನ ಚಕ್ರ ಎಳೆಯುವ ಟರ್ಬೊ ಕಾರಿನಲ್ಲಿ ಅದು ಸ್ಟೇರಿಂಗ್ ಹಾಳು ಮಾಡುತ್ತದೆ. ಎರಡನೇ ಗೇರ್‌ನಲ್ಲಿ ಒತ್ತಿದರೆ ಸ್ಟೇರಿಂಗ್ ಕೈಯಿಂದ ಎಳೆದುಕೊಂಡು ಹೋಗುತ್ತದೆ.

16 ಇಂಚಿಗೆ ಇಳಿಯುವಾಗ ಬ್ರೇಕ್ ಕ್ಯಾಲಿಪರ್‌ಗೆ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಜಾಗ ಇದೆಯಾ ಅಂತ ನೋಡಲೇಬೇಕು. ರಿಮ್ ಒಳವ್ಯಾಸ ಸಾಕಾದರೂ ಸ್ಪೋಕ್‌ನ ಬೆನ್ನು ಕ್ಯಾಲಿಪರ್‌ಗೆ ತಾಗಬಹುದು. ಒಂದೇ ಅಳತೆ, ಒಂದೇ ಆಫ್‌ಸೆಟ್ ಇರುವ ಎರಡು ವೀಲ್‌ಗಳಲ್ಲಿ ಒಂದು ಕೂರುತ್ತದೆ, ಇನ್ನೊಂದು ಕೂರಲ್ಲ. ತಯಾರಕರು ಕೊಡುವ ನಕ್ಷೆಯನ್ನು ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ಹಬ್ ಮೇಲೆ ಇಟ್ಟು ಒಂದು ಸುತ್ತು ತಿರುಗಿಸಿ ನೋಡಿದೆ. ರಟ್ಟು ಎಲ್ಲೂ ಉಜ್ಜದೆ ಸುತ್ತಿತು. ಆಮೇಲೇ ಆರ್ಡರ್ ಮಾಡಿದ್ದು.

ವೀಲ್‌ನ ನಡುವಿನ ತೂತು 73.1 ಮಿ.ಮೀ., ಕಾರಿನ ಹಬ್ 60.1. ನಡುವಿನ ಸಂದಿಗೆ ಹಬ್ ರಿಂಗ್ ಬೇಕು. ಬೋಲ್ಟೇ ಹಿಡಿದುಕೊಳ್ಳುತ್ತದೆ, ರಿಂಗ್ ಯಾಕೆ ಅನ್ನುವವರಿದ್ದಾರೆ. ಭಾರ ಹಿಡಿಯೋದು ಬೋಲ್ಟೇ ಸರಿ, ಆದರೆ ವೀಲ್ ನಟ್ಟನಡುವೆ ಕೂರೋಕೆ ರಿಂಗ್ ಬೇಕು. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೈವೇ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ಹಗುರ ವೀಲ್‌ಗಳಲ್ಲಿ ನಟ್ ಕೂರುವ ತೂತೂ ಕಿರಿದು. ಕಾರಿನ ಜೊತೆ ಬರುವ ಪಾನ ಒಳಗೆ ಹೋಗೋದೇ ಇಲ್ಲ. ತೆಳು ಗೋಡೆಯ ಸಾಕೆಟ್ ಒಂದನ್ನು ಡಿಕ್ಕಿಯಲ್ಲಿ ಕಾಯಂ ಇಟ್ಟುಕೊಳ್ಳಿ, ಪಂಚರ್ ಆದಾಗ ರಸ್ತೆ ಬದಿಯಲ್ಲಿ ಪರದಾಡೋದು ತಪ್ಪುತ್ತದೆ. ನಟ್‌ನ ಥ್ರೆಡ್ 12 ಮಿ.ಮೀ., ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ) 1.25. ಇದೇ ಥರ ಕಾಣುವ 1.5 ಪಿಚ್ ನಟ್ ಬೇರೆ ಕಂಪನಿಗಳ ಕಾರುಗಳಿಗೆ ಬರುತ್ತದೆ. ನಟ್ ಬಿಗಿಸುವ ಗನ್ನಿಂದ ಬಲವಂತವಾಗಿ ಏರಿಸಿದರೆ ಸ್ಟಡ್ ಹಾಳು. ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ, ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ನೋಡಿ.

ತೊಂದರೆಗಳೂ ಇವೆ. ಬ್ಯಾಲೆನ್ಸಿಂಗ್ ತೂಕಗಳನ್ನು ಈ ವೀಲ್‌ಗೆ ಒಳಗಡೆ ಅಂಟಿಸಬೇಕು. ಒಂದು ಸಲ ಕಾರು ತೊಳೆಸಿದ ಕಡೆ ಖಾರವಾದ ಕ್ಲೀನರ್ ಹೊಡೆದಿದ್ದರು. ಕೆಲವೇ ದಿನಕ್ಕೆ ಮುಂದಿನ ಬಲ ಚಕ್ರದಿಂದ ಮೂರು ತುಂಡು ಉದುರಿದ್ದವು, ಉಳಿದಿದ್ದು ಅಂಟಿನ ಕಪ್ಪು ಗುರುತು ಮಾತ್ರ. 90 ದಾಟಿದರೆ ಸ್ಟೇರಿಂಗ್ ನಡುಗೋಕೆ ಶುರು. ಈಗ ಮೇಲೆ ಅಲ್ಯುಮಿನಿಯಂ ಟೇಪ್ ಹಾಕಿಸಿದ್ದೇನೆ, ಮತ್ತೆ ಬಿದ್ದಿಲ್ಲ. ನಟ್ ಕೂರುವ ಜಾಗದ ಬಣ್ಣ ಅಲ್ಲಲ್ಲಿ ಎದ್ದಿದೆ. ಹೊರಗಿನ ಬಣ್ಣಕ್ಕೆ ಏನೂ ಆಗಿಲ್ಲ, ಕಂಚಿನ ಬಣ್ಣ ಆಗಿರೋದರಿಂದ ಬ್ರೇಕ್ ಧೂಳೂ ಎದ್ದು ಕಾಣಲ್ಲ.

ದೊಡ್ಡ ಏಟು ಬಿದ್ದಿದ್ದು ಒಂದೇ ಸಲ. ರಾತ್ರಿ ನೀರು ನಿಂತ ಗುಂಡಿಗೆ ಮುಂದಿನ ಎಡ ಚಕ್ರ ಇಳಿಯಿತು. ರಿಮ್‌ನ ಒಳ ಅಂಚು ಬೆರಳು ಸವರಿದರೆ ಗೊತ್ತಾಗುವಷ್ಟು ಬಾಗಿದೆ. ಗಾಳಿ ಸೋರಲಿಲ್ಲ, ಸೀಳೂ ಬಿಟ್ಟಿಲ್ಲ. ಸ್ಪೋಕ್‌ನ ಬುಡವನ್ನೆಲ್ಲಾ ದೀಪ ಹಿಡಿದು ನೋಡಿದ ಮೇಲೆ ಆ ವೀಲ್ ಹಿಂದಕ್ಕೆ ಹಾಕಿಸಿದೆ. ಹೆಚ್ಚಿನ ಎತ್ತರದ ಟೈರ್ ಇದ್ದಿದ್ದಕ್ಕೇ ಅಷ್ಟರಲ್ಲಿ ಉಳಿಯಿತು. ಸೀಳು ಬಿಟ್ಟಿದ್ದರೆ ಆ ವೀಲ್ ಗುಜರಿಗೆ ಹೋಗುತ್ತಿತ್ತು. ಸೀಳಿದ ವೀಲ್ ವೆಲ್ಡ್ ಮಾಡಿಕೊಡುವವರು ಸಿಗುತ್ತಾರೆ, ದಯವಿಟ್ಟು ಮಾಡಿಸಬೇಡಿ. ವೆಲ್ಡಿಂಗ್ ಬಿಸಿಗೆ ಅಲ್ಯುಮಿನಿಯಂಗೆ ಕೊಟ್ಟ ಹದ ಹೋಗಿ, ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಕೂತಿರೋದು ನಿಮ್ಮ ಮನೆಯವರು ಅಲ್ವಾ.

ಮೈಲೇಜ್‌ನಲ್ಲಿ ನನಗೆ ಕಂಡ ವ್ಯತ್ಯಾಸ ಏನೂ ಇಲ್ಲ. ಒಂದೇ ವೇಗದಲ್ಲಿ ಓಡುವಾಗ ಚಕ್ರದ ತೂಕಕ್ಕೆ ಅಂಥ ಕೆಲಸ ಇಲ್ಲ. ಟೈರ್ ಸದ್ದು ಚೂರು ಜಾಸ್ತಿ, ಅದು ಟೈರ್‌ನ ಗುಣ ಇರಬಹುದು. ಸುತ್ತಳತೆ ನೂರಕ್ಕೆ ಒಂದರೊಳಗೇ ಇರೋದರಿಂದ ಸ್ಪೀಡೋಮೀಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವೀಲ್ ಅಳತೆ ಬದಲಿಸಿದ್ದನ್ನು ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಮೊದಲೇ ವಿಚಾರಿಸಿಕೊಳ್ಳಿ.

ಬರೀ ಸಿಟಿಯಲ್ಲಿ, ನುಣುಪು ರಸ್ತೆಯಲ್ಲಿ ಓಡಿಸುವವರಿಗೆ ಈ ಖರ್ಚು ಬೇಡ. ಅದೇ ದುಡ್ಡಿಗೆ ಒಳ್ಳೇ ಟೈರ್, ಒಳ್ಳೇ ಬ್ರೇಕ್ ಪ್ಯಾಡ್ ಹಾಕಿಸಿ. ಘಾಟಿ ರಸ್ತೆ, ತಿರುವು, ಒರಟು ಟಾರು ಇಷ್ಟಪಡುವವರಾದರೆ ಖಂಡಿತ ಹಾಕಿಸಿ, ಕಾರು ಓಡಿಸುವ ಖುಷಿ ದಿನಾ ಜಾಸ್ತಿ ಆಗುತ್ತದೆ. ನಾನು ಇದೇ ವೀಲ್ ಉಳಿಸಿಕೊಂಡು ಈ ಸಲ ಟೈರ್ ಮಾತ್ರ 195/50 ಆರ್16ಕ್ಕೆ ಇಳಿಸುತ್ತಿದ್ದೇನೆ. ಅದರ ಲೋಡ್ ಇಂಡೆಕ್ಸ್ 84, ಅಂದರೆ 500 ಕೆ.ಜಿ., ಕಂಪನಿಯದಕ್ಕಿಂತ ಈಗಲೂ ಮೇಲೆ. ಸುತ್ತಳತೆಯೂ ಕಂಪನಿ ಟೈರ್‌ಗಿಂತ ನೂರಕ್ಕೆ ಒಂದರಷ್ಟು ಮಾತ್ರ ಕಡಿಮೆ. ಅಗಲದ ಟೈರ್ ತಿಂದು ಹಾಕಿದ್ದ ಅರ್ಧ ಕೆ.ಜಿ.ಯನ್ನು ಹಾಗೆ ವಾಪಸ್ ತರಬೇಕು ಅಂತ ಇದ್ದೇನೆ.